ಉಬುಂಟು 24.04ಕ್ಕೆ ಏರಿಸಿದ ಮೇಲೆ ಕೈಕೊಟ್ಟ ವಿಡಿಯೋ: ಹಳೇ ಮಷೀನುಗಳಲ್ಲಿ ಸರಿಮಾಡಿದ ನನ್ನ ಅನುಭವ

ನಾಲ್ಕನೇ ಜನರೇಷನ್ ಇಂಟೆಲ್ ಐ3, 4 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ. ಇಂಥ ಮಷೀನನ್ನ ಉಬುಂಟು ಅನ್ನೋ ಲಿನಕ್ಸ್ ಓಎಸ್‌ನ 20.04ರಿಂದ 22.04ಕ್ಕೆ, ಅಲ್ಲಿಂದ 24.04ಕ್ಕೆ ಏರಿಸಿದ್ರೆ ವಿಡಿಯೋ ಓಡಲ್ಲ ಅನ್ನೋದು ಫೀಲ್ಡಿನಲ್ಲಿರೋ ಎಲ್ಲರ ದೂರು. ಸಿಗೋ ಸಲಹೆಯೂ ಎರಡೇ: ಹಳೇ ಓಎಸ್‌ಗೆ ವಾಪಸ್ ಹೋಗಿ, ಇಲ್ಲ ಹೊಸ ಮಷೀನ್ ತಗೊಳ್ಳಿ. 20.04ರ ಮಾಮೂಲಿ ಸಪೋರ್ಟು 2025ರ ಮೇ ತಿಂಗಳಿಗೆ ಮುಗಿದಿದೆ, ಹಾಗಾಗಿ ವಾಪಸ್ ಹೋಗೋ ದಾರಿ ಇಲ್ಲ. ಇನ್ನು ಹೊಸದು: ಒಂದು ಹೈಸ್ಕೂಲ್ ಲ್ಯಾಬಿನ ಇಪ್ಪತ್ತರಷ್ಟು ಮಷೀನಿಗೆ ಬಂದಿದ್ದ ಕೊಟೇಶನ್ ಏಳು ಲಕ್ಷದ ಹತ್ತಿರ. ನಾನು ಅದೇ ಲ್ಯಾಬನ್ನ ಸುಮಾರು 12–13 ಸಾವಿರದಲ್ಲಿ ಮುಗಿಸಿಕೊಟ್ಟೆ. ಅದರಲ್ಲೂ ಬಹುಪಾಲು ರ‍್ಯಾಮಿಗೆ ಹೋಯ್ತು. ಈಗ ಎಲ್ಲಾ ಮಷೀನಲ್ಲೂ 1080ಪಿ ಪಾಠದ ವಿಡಿಯೋ ತಡೆಯಿಲ್ಲದೆ ಓಡ್ತಿದೆ. ಸಾಧ್ಯವೇ ಇಲ್ಲ ಅಂದಿದ್ದವರು ಈಗ ಮಾಡಿದ್ದು ಹೇಗೆ ಅಂತ ಕೇಳ್ತಿರೋದರಿಂದ ಬರೆದಿಡ್ತಿದ್ದೀನಿ.

ವಿಡಿಯೋ ಕೆಟ್ಟ ತಕ್ಷಣ ಎಲ್ಲರೂ ಕೋಡೆಕ್ (ವಿಡಿಯೋ ಕುಗ್ಗಿಸಿ ಬಿಚ್ಚೋ ವಿಧಾನ) ಪ್ಯಾಕೇಜು ಹಾಕೋಕೆ ಹೋಗ್ತಾರೆ. ಅಪ್‌ಗ್ರೇಡ್ ಆದ ಮಷೀನಲ್ಲಿ ಹತ್ತರಲ್ಲಿ ಒಂಬತ್ತು ಸಲ ಕೋಡೆಕ್ ಇದ್ದೇ ಇರುತ್ತೆ. ಇಲ್ಲ ಅನ್ನೋದು ಖಾತ್ರಿಯಾದ್ರೆ ಮಾತ್ರ ಉಬುಂಟು-ರಿಸ್ಟ್ರಿಕ್ಟೆಡ್-ಆಡಾನ್ಸ್, ಲಿಬ್‌ಎವಿಕೋಡೆಕ್-ಎಕ್ಸ್‌ಟ್ರಾ ಎರಡನ್ನೇ ಹಾಕಿ. ಉಬುಂಟು-ರಿಸ್ಟ್ರಿಕ್ಟೆಡ್-ಎಕ್ಸ್‌ಟ್ರಾಸ್ ಅನ್ನೋ ದೊಡ್ಡ ಪ್ಯಾಕೇಜಿನ ಜೊತೆ ಮೈಕ್ರೋಸಾಫ್ಟ್ ಫಾಂಟುಗಳ ಇನ್‌ಸ್ಟಾಲರ್ ಬರುತ್ತೆ. ಅದರ ಲೈಸೆನ್ಸ್ ಪರದೆಯಲ್ಲಿ ಟ್ಯಾಬ್ ಒತ್ತಿ ಓಕೆ ಕೊಡೋದು ಗೊತ್ತಿಲ್ಲದೆ ಟರ್ಮಿನಲ್ ಮುಚ್ಚಿದ್ರೆ ಪ್ಯಾಕೇಜು ಹಾಕೋ ಎಪಿಟಿ ಲಾಕ್ ಆಗಿ ಕೂರುತ್ತೆ. ನೆಟ್ ನಿಧಾನ ಇರೋ ಕಡೆ ಆ ಫಾಂಟುಗಳ ಡೌನ್‌ಲೋಡೂ ಅರ್ಧಕ್ಕೆ ನಿಲ್ಲುತ್ತೆ.

ನಾನು ಮೊದಲು ನೋಡೋದು ಒಂದೇ: ವಿಡಿಯೋ ಬಿಚ್ಚೋ (ಡಿಕೋಡ್) ಕೆಲಸ ಗ್ರಾಫಿಕ್ಸ್ ಚಿಪ್ ಮಾಡ್ತಿದೆಯಾ, ಸಿಪಿಯು ಮೇಲೆ ಬಿದ್ದಿದೆಯಾ? ಇದಕ್ಕೆ ಮೂರು ಟೂಲ್ ಸಾಕು. ಮೆಸಾ-ಯುಟಿಲ್ಸ್‌ನಲ್ಲಿ ಬರೋ ಜಿಎಲ್‌ಎಕ್ಸ್‌ಇನ್ಫೋ, ವಿಎಇನ್ಫೋ, ಆಮೇಲೆ ಇಂಟೆಲ್-ಜಿಪಿಯು-ಟೂಲ್ಸ್‌ನ ಇಂಟೆಲ್_ಜಿಪಿಯು_ಟಾಪ್. ಕೊನೆಯದನ್ನ ಸುಡೋ ಜೊತೆ ಒಂದು ಕಿಟಕಿಯಲ್ಲಿ ಓಡಿಸಿ, ಪಕ್ಕದಲ್ಲಿ ವಿಡಿಯೋ ಹಾಕಿ. ಪಟ್ಟಿಯಲ್ಲಿ ವಿಡಿಯೋ ಅನ್ನೋ ಸಾಲು 0ರಲ್ಲೇ ನಿಂತಿದ್ರೆ ಗ್ರಾಫಿಕ್ಸ್ ಸುಮ್ಮನೆ ಕೂತಿದೆ ಅಂತಲೇ ಅರ್ಥ. ಸರಿಯಾದ ಮೇಲೆ 1080ಪಿ ಎಚ್.264 ಕೋಡೆಕ್ಕಿನ ವಿಡಿಯೋಗೆ ಆ ಸಾಲು ಹತ್ತು–ಹದಿನೈದು ಪರ್ಸೆಂಟ್ ತೋರಿಸುತ್ತೆ, ಸಿಪಿಯು 90ರಿಂದ 20–25ಕ್ಕೆ ಇಳಿಯುತ್ತೆ. ಈ ಸಾಲು ನೋಡದೆ ಯಾವ ಪ್ಯಾಕೇಜನ್ನೂ ಮುಟ್ಟಬೇಡಿ.

ಜಿಎಲ್‌ಎಕ್ಸ್‌ಇನ್ಫೋದಲ್ಲಿ ರೆಂಡರರ್ ಹೆಸರು ಎಲ್‌ಎಲ್‌ವಿಎಂಪೈಪ್ ಅಂತ ಬಂದ್ರೆ ವಿಡಿಯೋ ವಿಷಯ ಆಮೇಲೆ. ಇಡೀ ಡೆಸ್ಕ್‌ಟಾಪನ್ನೇ ಸಿಪಿಯು ಬಿಡಿಸ್ತಿದೆ ಅಂತ ಲೆಕ್ಕ. ನಾನು ಕಂಡ ಕಾರಣಗಳು ಎರಡು. ಒಂದು, ಹಿಂದೆ ಯಾರೋ ಇನ್‌ಸ್ಟಾಲ್ ಮಾಡೋವಾಗ ಗ್ರಬ್ (ಬೂಟ್ ಲೋಡರ್) ಸಾಲಿನಲ್ಲಿ ಹಾಕಿದ ನೋಮೋಡ್‌ಸೆಟ್, ಅಂದ್ರೆ ಗ್ರಾಫಿಕ್ಸ್ ಡ್ರೈವರನ್ನ ತಡೆಯೋ ಆಯ್ಕೆ. ಅಪ್‌ಗ್ರೇಡ್ ಅದನ್ನ ಹಾಗೇ ಹೊತ್ತು ತರುತ್ತೆ. ಇಟಿಸಿ ಫೋಲ್ಡರಿನ ಡೀಫಾಲ್ಟ್ ಗ್ರಬ್ ಫೈಲಿನಿಂದ ಅದನ್ನ ತೆಗೆದು ಅಪ್‌ಡೇಟ್-ಗ್ರಬ್ ಕೊಟ್ಟು ರೀಸ್ಟಾರ್ಟ್ ಮಾಡಿ. ಇನ್ನೊಂದು, 20.04ರ ಕಾಲದಲ್ಲಿ ಚಿತ್ರ ಹರಿಯೋದನ್ನ ತಪ್ಪಿಸೋಕೆ ಟಿಯರ್‌ಫ್ರೀ ಅಂತ ಬರೆದಿಟ್ಟ 20-ಇಂಟೆಲ್ ಕಾನ್ಫಿಗ್ ಫೈಲು. ಈಗ ಡೀಫಾಲ್ಟ್ ಸೆಷನ್ ವೇಲ್ಯಾಂಡ್ (ಪರದೆ ನಿಭಾಯಿಸೋ ಹೊಸ ವ್ಯವಸ್ಥೆ), ಅಲ್ಲಿ ಅದರ ಅಗತ್ಯವೇ ಇಲ್ಲ. ಆದ್ರೆ ಲಾಗಿನ್‌ನಲ್ಲಿ ಗಾಲಿ ಚಿಹ್ನೆ ಒತ್ತಿ ಹಳೇ ವ್ಯವಸ್ಥೆ ಎಕ್ಸಾರ್ಗ್ ಆರಿಸಿದವರಿಗೆ ಇದೇ ಫೈಲು ಅಡ್ಡ ಬರುತ್ತೆ. ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸಿ, ಅಳಿಸಬೇಡಿ.

ಈಗ ವಿಎಇನ್ಫೋ. ಪ್ಲೇಯರು ಗ್ರಾಫಿಕ್ಸಿನಿಂದ ವಿಡಿಯೋ ಬಿಚ್ಚಿಸೋ ವಿಎ-ಎಪಿಐ ಅನ್ನೋ ಕೊಂಡಿ ಸರಿಯಿದೆಯಾ ಅಂತ ಇದು ತೋರಿಸುತ್ತೆ. ಇಂಟೆಲ್‌ಗೆ ಡ್ರೈವರ್ ಎರಡಿವೆ. ಹಳೆಯದು ಐ965, ಹೊಸದು ಐಎಚ್‌ಡಿ. ಐದನೇ ಜನರೇಷನ್ ಬ್ರಾಡ್‌ವೆಲ್‌ನಿಂದ ಈಚೆಗೆ ಮಾತ್ರ ಐಎಚ್‌ಡಿ ನಡೆಯುತ್ತೆ. ನಾಲ್ಕನೇ ಜನರೇಷನ್ ಹ್ಯಾಸ್‌ವೆಲ್‌ಗೆ ಐ965 ಒಂದೇ ಗತಿ. ಕಮಾಂಡ್ ಕೊಟ್ಟಾಗ ಮೊದಲು ಐಎಚ್‌ಡಿ ಸೋತ ಎರರ್ ಬರುತ್ತೆ, ಆಮೇಲೆ ಐ965 ತೆರೆದುಕೊಳ್ಳುತ್ತೆ. ಆ ಮೊದಲ ಎರರ್ ನೋಡಿ ಗಾಬರಿಯಾಗಿ ಐಎಚ್‌ಡಿಯನ್ನೇ ಮತ್ತೆ ಮತ್ತೆ ಹಾಕೋರು ತುಂಬಾ ಜನ. ಅದಕ್ಕಿಂತ ಕೆಟ್ಟದ್ದು, ಯಾವುದೋ ಸಲಹೆ ನೋಡಿ ಎನ್ವಿರಾನ್‌ಮೆಂಟ್ ಫೈಲಿನಲ್ಲಿ ಲಿಬ್‌ವಿಎ_ಡ್ರೈವರ್_ನೇಮ್‌ಗೆ ಐಎಚ್‌ಡಿ ಅಂತ ಕೂರಿಸಿಬಿಡೋದು. ಆಗ ಹ್ಯಾಸ್‌ವೆಲ್‌ನಲ್ಲಿ ಎರಡನೇ ಡ್ರೈವರ್ ಪ್ರಯತ್ನವೇ ನಡೆಯಲ್ಲ, ಎಲ್ಲವೂ ಸಿಪಿಯು ಪಾಲು. ಆ ಸಾಲು ತೆಗೆದು, ಪ್ಯಾಕೇಜುಗಳು ಸಿಗೋ ಯೂನಿವರ್ಸ್ ರೆಪೋ ಆನ್ ಇದೆಯಾ ನೋಡಿ, ಐ965-ವಿಎ-ಡ್ರೈವರ್ ಹಾಕಿ. ಔಟ್‌ಪುಟ್ಟಿನಲ್ಲಿ ಎಚ್264 ಹೈ ಪ್ರೊಫೈಲಿನ ಮುಂದೆ ವಿಎಲ್‌ಡಿ ಅಂತ ಇದ್ರೆ ಡಿಕೋಡ್ ಸಿಕ್ಕಿತು. ಎನ್‌ಕ್‌ಸ್ಲೈಸ್ ಅಂತ ಬರೋದು ಎನ್‌ಕೋಡಿಂಗಿಗೆ, ಅದನ್ನ ನೋಡಿ ಖುಷಿಪಡಬೇಡಿ. ಎಸ್‌ಎಸ್‌ಎಚ್ ಮೂಲಕ ದೂರದಿಂದ ನೋಡೋದಾದ್ರೆ ನಿಮ್ಮ ಯೂಸರ್ ರೆಂಡರ್ ಗ್ರೂಪಿನಲ್ಲಿ ಇರಬೇಕು. ಇಲ್ಲದಿದ್ರೆ ಸರಿಯಿರೋ ಮಷೀನೂ ಕೆಟ್ಟಂತೆ ಕಾಣುತ್ತೆ.

ಯಾವ ಸಿಪಿಯುವಿನ ಗ್ರಾಫಿಕ್ಸ್ ಯಾವ ಕೋಡೆಕ್ ಬಿಚ್ಚುತ್ತೆ ಅಂತ ಹೇಳಿಬಿಡ್ತೀನಿ. ಹ್ಯಾಸ್‌ವೆಲ್‌ಗೆ ಎಚ್.264 ಬರುತ್ತೆ, ಎಚ್‌ಇವಿಸಿ, ವಿಪಿ9 ಎರಡೂ ಬರಲ್ಲ. ಆರನೇ ಜನರೇಷನ್‌ಗೆ 8 ಬಿಟ್ ಎಚ್‌ಇವಿಸಿ ಬರುತ್ತೆ. 10 ಬಿಟ್ ಎಚ್‌ಇವಿಸಿಯೂ ಪೂರ್ತಿ ವಿಪಿ9ವೂ ಬೇಕಾದ್ರೆ ಏಳನೆಯದು, ಎವಿ1ಕ್ಕೆ ಹನ್ನೊಂದನೆಯದು. ಮುಂದಿನದೆಲ್ಲ ಈ ಮಿತಿಯೊಳಗಿನ ಆಟ.

ಉಬುಂಟು ಜೊತೆ ಬರೋ ವಿಡಿಯೋಸ್ ಪ್ಲೇಯರಿನಲ್ಲಿ ಸೌಂಡ್ ಬಂದು ಚಿತ್ರ ಕಪ್ಪಾದ್ರೆ, ಅಥವಾ ಗೀರುಗೀರಾಗಿ ಬಂದ್ರೆ, ಜಿಸ್ಟ್ರೀಮರ್1.0-ವಿಎಎಪಿಐ ಪ್ಯಾಕೇಜನ್ನ ತೆಗೆಯಿರಿ. ಹಾರ್ಡ್‌ವೇರ್ ಡಿಕೋಡ್ ಕೊಡಬೇಕಾದ ಪ್ಯಾಕೇಜೇ ಇಲ್ಲಿ ಚಿತ್ರ ಕೆಡಿಸ್ತಿರುತ್ತೆ. ತೆಗೆಯೋವಾಗ ರಿಸ್ಟ್ರಿಕ್ಟೆಡ್-ಆಡಾನ್ಸ್ ಕೂಡ ಹೋಗುತ್ತೆ ಅಂತ ತೋರಿಸಬಹುದು. ಅದು ಬರೀ ಕಟ್ಟಿನ ಹೆಸರು, ಹೋದ್ರೆ ನಷ್ಟವಿಲ್ಲ. ಆದ್ರೆ ಅದಾದ ಮೇಲೆ ಆಟೋರಿಮೂವ್ ಓಡಿಸಿದ್ರೆ ಕಟ್ಟಿನೊಳಗಿದ್ದ ಕೋಡೆಕ್ಕುಗಳನ್ನೂ ಎಳೆದು ಹಾಕುತ್ತೆ. ಮೊದಲೇ ಜಿಸ್ಟ್ರೀಮರ್1.0-ಲಿಬ್‌ಎವಿ ಮತ್ತು ಅಗ್ಲಿ ಪ್ಲಗಿನ್ನನ್ನ ಎಪಿಟಿ-ಮಾರ್ಕ್‌ನಲ್ಲಿ ಮ್ಯಾನ್ಯುಯಲ್ ಮಾಡಿಡಿ. ಆಮೇಲೆ ಹೋಮ್ ಫೋಲ್ಡರಿನ ಅಡಗಿರೋ ಕ್ಯಾಶ್ ಒಳಗಿನ ಜಿಸ್ಟ್ರೀಮರ್-1.0 ಅಳಿಸಿ. ಲ್ಯಾಬಿನಲ್ಲಿ ಒಂದು ಮಷೀನಿಗೆ ನಾಲ್ಕೈದು ಯೂಸರ್ ಇದ್ರೆ ಪ್ರತಿಯೊಬ್ಬರದ್ದನ್ನೂ ಅಳಿಸಬೇಕು. ಟೀಚರ್ ಲಾಗಿನ್‌ನಲ್ಲಿ ಓಡಿ ಮಕ್ಕಳ ಲಾಗಿನ್‌ನಲ್ಲಿ ಓಡದಿದ್ರೆ ಕಾರಣ ಸಾಮಾನ್ಯವಾಗಿ ಇದೇ.

ವಿಎಲ್‌ಸಿ ಮೇಲೆ ನಮ್ಮವರಿಗೆ ಬಹಳ ನಂಬಿಕೆ. 24.04ರಲ್ಲಿ ಮಾತ್ರ ಆ ನಂಬಿಕೆ ಕೆಲಸಕ್ಕೆ ಬರಲ್ಲ. ಪ್ಲೇಯರುಗಳು ವಿಡಿಯೋ ಬಿಚ್ಚೋಕೆ ಬಳಸೋ ಎಫ್‌ಎಫ್‌ಎಂಪೆಗ್ 4.4ರಿಂದ ನೇರ 6.1ಕ್ಕೆ ಹಾರಿದೆ. ವಿಎಲ್‌ಸಿ 3 ಬಳಸ್ತಿದ್ದ ಹಳೇ ವಿಎ-ಎಪಿಐ ಕೊಂಡಿ 5ನೇ ಆವೃತ್ತಿಯಲ್ಲೇ ಹೊರಟುಹೋಗಿದೆ. ಪ್ರಿಫರೆನ್ಸಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆಯ್ಕೆಯನ್ನ ಎಷ್ಟು ತಿರುಗಿಸಿದ್ರೂ ಜಿಪಿಯು ಟಾಪ್‌ನ ಸಾಲು ಅಲುಗಾಡಲ್ಲ. ಅದರ ಬದಲು ಎಂಪಿವಿ ಪ್ಲೇಯರ್ ಹಾಕಿ. ಕಿಟಕಿ, ಬಟನ್ ಬೇಕು ಅನ್ನೋರಿಗೆ ಅದರ ಮೇಲೇ ಕಟ್ಟಿರೋ ಸೆಲ್ಯುಲಾಯ್ಡ್ ಇದೆ. ಎಂಪಿವಿ ಕಾನ್ಫ್ ಫೈಲಿನಲ್ಲಿ ಎಚ್‌ಡಬ್ಲ್ಯುಡೆಕ್‌ಗೆ ಆಟೋ-ಸೇಫ್, ಪ್ರೊಫೈಲ್‌ಗೆ ಫಾಸ್ಟ್. ಸೆಲ್ಯುಲಾಯ್ಡ್‌ನ ಪ್ರಿಫರೆನ್ಸಸ್‌ನಲ್ಲಿ ಆ ಫೈಲನ್ನ ಓದು ಅಂತ ಟಿಕ್ ಮಾಡದಿದ್ರೆ ಬರೆದದ್ದೆಲ್ಲ ವ್ಯರ್ಥ. ಓಡ್ತಿರೋವಾಗ ಐ ಕೀ ಒತ್ತಿದ್ರೆ ಬಿದ್ದ ಫ್ರೇಮುಗಳ ಲೆಕ್ಕ ಪರದೆ ಮೇಲೇ ಬರುತ್ತೆ. ಕಂಟ್ರೋಲ್-ಎಚ್ ಒತ್ತಿ ಹಾರ್ಡ್‌ವೇರ್ ಆನ್-ಆಫ್ ಮಾಡಿ ವ್ಯತ್ಯಾಸವನ್ನ ಗಿರಾಕಿಗೇ ತೋರಿಸಬಹುದು. ಆ ಫೈಲಿನಲ್ಲಿ ನಾನು ಹಾಕೋ ಇನ್ನೆರಡು ಸಾಲುಗಳನ್ನ ಇಲ್ಲಿ ಕೊಡಲ್ಲ, ಅದು ನನ್ನ ಹೊಟ್ಟೆಪಾಡು. ಇಷ್ಟರಿಂದಲೇ ನಿಮ್ಮ ಕೆಲಸದ ಮುಕ್ಕಾಲು ಪಾಲು ಆಗುತ್ತೆ.

ಹಳೇ ಪಿಪಿಎಯಿಂದ (ಉಬುಂಟುವಿನದ್ದಲ್ಲದ ಹೊರಗಿನ ರೆಪೋದಿಂದ) ಎಫ್‌ಎಫ್‌ಎಂಪೆಗ್ ಹಾಕಿದ್ದ ಮಷೀನುಗಳದ್ದು ಬೇರೆ ಗೋಳು. ಅಪ್‌ಗ್ರೇಡ್ ಪಿಪಿಎಯನ್ನ ಆಫ್ ಮಾಡುತ್ತೆ, ಅದರ ಪ್ಯಾಕೇಜು ಒಳಗೇ ಉಳಿಯುತ್ತೆ. ಅದರ ಹಳೇ ಲೈಬ್ರರಿ ಲಿಬ್‌ಎವಿಕೋಡೆಕ್58 ಇನ್ನೂ ಪಟ್ಟಿಯಲ್ಲಿದ್ದು 60 ಕೂರಲ್ಲ ಅಂತ ಹಟ ಹಿಡಿದ್ರೆ ಪಿಪಿಎ-ಪರ್ಜ್‌ನಿಂದ ಶುಚಿ ಮಾಡಿ. ಆಗಲಿಲ್ಲ ಅಂದ್ರೆ 58ನ್ನ ಕೈಯಾರೆ ತೆಗೆಯಿರಿ.

ಬ್ರೌಸರಿಗೆ ಬರೋಣ, ಹೆಚ್ಚಿನ ದೂರು ಯೂಟ್ಯೂಬಿನದ್ದೇ. 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿದೆ. ಸ್ನ್ಯಾಪ್ ತನ್ನ ಲೈಬ್ರರಿಗಳನ್ನ ತಾನೇ ತರುತ್ತೆ, ನೀವು ಹೊರಗೆ ಹಾಕಿದ ಕೋಡೆಕ್ ಅದಕ್ಕೆ ತಲುಪಲ್ಲ. ನಾನು ಮೊಝಿಲ್ಲಾದ್ದೇ ಎಪಿಟಿ ರೆಪೋದಿಂದ ಡೆಬ್ (ಸ್ನ್ಯಾಪ್ ಅಲ್ಲದ ಮಾಮೂಲಿ ಪ್ಯಾಕೇಜು) ಹಾಕ್ತೀನಿ. ಬರೀ ರೆಪೋ ಸೇರಿಸಿದ್ರೆ ಸಾಲದು. ಉಬುಂಟುವಿನ ಫೈರ್‌ಫಾಕ್ಸ್ ಪ್ಯಾಕೇಜಿನ ಆವೃತ್ತಿ ಸಂಖ್ಯೆ 1:1 ಅಂತ ಶುರುವಾಗೋದರಿಂದ ಎಪಿಟಿ ಅದನ್ನೇ ಹೊಸದು ಅಂದ್ಕೊಂಡು ಮತ್ತೆ ಸ್ನ್ಯಾಪನ್ನೇ ಎಳೆಯುತ್ತೆ. ಎಪಿಟಿಯ ಪ್ರಿಫರೆನ್ಸಸ್ ಫೈಲಿನಲ್ಲಿ ಮೊಝಿಲ್ಲಾ ರೆಪೋಗೆ 1000 ಪ್ರಯಾರಿಟಿ ಪಿನ್ ಮಾಡಬೇಕು. ಸ್ನ್ಯಾಪ್ ತೆಗೆಯೋಕೆ ಮುಂಚೆ ಸ್ನ್ಯಾಪ್ ಫೋಲ್ಡರಿನ ಫೈರ್‌ಫಾಕ್ಸ್, ಕಾಮನ್ ಒಳಗಿರೋ ಮೊಝಿಲ್ಲಾ ಪ್ರೊಫೈಲನ್ನ ಹೋಮ್‌ಗೆ ಕಾಪಿ ಮಾಡಿ, ಇಲ್ಲದಿದ್ರೆ ಬುಕ್‌ಮಾರ್ಕು, ಪಾಸ್‌ವರ್ಡು ಎಲ್ಲ ಹೋಗುತ್ತೆ. ಮುಂದಿನ ಅಪ್‌ಗ್ರೇಡಿನಲ್ಲಿ ಈ ರೆಪೋ ಮತ್ತೆ ಆಫ್ ಆಗುತ್ತೆ, ನೆನಪಿಡಿ.

ಫೈರ್‌ಫಾಕ್ಸ್ 115ರಿಂದ ಇಂಟೆಲ್‌ಗೆ ಹಾರ್ಡ್‌ವೇರ್ ಡಿಕೋಡ್ ತಾನಾಗೇ ಆನ್ ಇರುತ್ತೆ. ಆದ್ರೂ ಹ್ಯಾಸ್‌ವೆಲ್‌ನಲ್ಲಿ ಯೂಟ್ಯೂಬ್ ತೊದಲುತ್ತೆ. ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆಗೆದು ಕೋಡೆಕ್ ಸಾಲು ಓದಿ. ವಿಪಿ09 ಅಂತಲೋ ಎವಿ01 ಅಂತಲೋ ಇರುತ್ತೆ, ಎರಡೂ ಈ ಗ್ರಾಫಿಕ್ಸಿಗೆ ಬರಲ್ಲ. ಅಬೌಟ್ ಕಾನ್ಫಿಗ್‌ನಲ್ಲಿ ಮೀಡಿಯಾ.ಎವಿ1.ಎನೇಬಲ್ಡ್, ಮೀಡಿಯಾ.ಮೀಡಿಯಾಸೋರ್ಸ್.ವೆಬ್‌ಎಂ.ಎನೇಬಲ್ಡ್ ಎರಡನ್ನೂ ಫಾಲ್ಸ್ ಮಾಡಿ. ಒಂದನ್ನೇ ಮಾಡಿದ್ರೆ ಯೂಟ್ಯೂಬ್ ಇನ್ನೊಂದನ್ನ ಹಿಡಿಯುತ್ತೆ. ಆಮೇಲೆ ಅದೇ ಸಾಲಿನಲ್ಲಿ ಎವಿಸಿ1 ಕಾಣಬೇಕು. 1080ಪಿಗಿಂತ ಮೇಲಿನ ಕ್ವಾಲಿಟಿ ಮಾಯವಾಗುತ್ತೆ, ಈ ಮಾನಿಟರುಗಳಿಗೆ ಅದು ಬೇಕಾಗೂ ಇಲ್ಲ. ಈ ಒಂದು ಬದಲಾವಣೆಯಿಂದ ಸಿಕ್ಕ ಫಲ ಬೇರೆ ಯಾವುದರಿಂದಲೂ ಸಿಕ್ಕಿಲ್ಲ.

ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡು ಇದ್ದ ನಾಲ್ಕೈದು ಮಷೀನಿಗೆ ಮದ್ದು ಸುಲಭ: ಕಾರ್ಡನ್ನೇ ಕೀಳೋದು. ಜಿಟಿ 610ಕ್ಕೆ ಬೇಕಾದ 390 ಡ್ರೈವರ್ 24.04ರಲ್ಲಿ ಇಲ್ಲ. ಹಳೇ ಡ್ರೈವರಿನ ಉಳಿಕೆ ಉಬುಂಟು ಜೊತೆ ಬರೋ ನೂವೋ ಡ್ರೈವರನ್ನೂ ತಡೆದು ಹಿಡಿದಿದ್ರೆ ಮತ್ತೆ ಎಲ್‌ಎಲ್‌ವಿಎಂಪೈಪ್‌ಗೇ ಬೀಳ್ತೀರಿ. ಎನ್‌ವಿಡಿಯಾ ಪ್ಯಾಕೇಜು ಪೂರಾ ಪರ್ಜ್ ಮಾಡಿ, ಬೋರ್ಡಿನ ಸಾಕೆಟ್ಟಿಗೆ ಕೇಬಲ್ ಹಾಕಿ. ಕೇಬಲ್ಲಿಗೆ ನೂರೈವತ್ತು ರೂಪಾಯಿ. ಜಿಟಿ 730ರಲ್ಲಿ ಎರಡು ಜಾತಿ ಇದೆ. ಎಲ್‌ಎಸ್‌ಪಿಸಿಐನಲ್ಲಿ ಜಿಕೆ208 ಅಂತ ಬಂದ್ರೆ 470 ಡ್ರೈವರ್ ನಡೆಯುತ್ತೆ, ಜಿಎಫ್108 ಅಂದ್ರೆ ಅದನ್ನೂ ಕಿತ್ತಿಡಿ.

ರ‍್ಯಾಮಿನ ಖರ್ಚು ಯಾಕೆ ಅಂತ ಕೇಳ್ತಾರೆ. ಒಳಗಿನ ಗ್ರಾಫಿಕ್ಸ್ ಮೇನ್ ಮೆಮರಿಯನ್ನೇ ಹಂಚಿಕೊಳ್ಳುತ್ತೆ. 4 ಜಿಬಿಯ ಒಂದೇ ಸ್ಟಿಕ್ ಇದ್ರೆ ಸಿಂಗಲ್ ಚಾನೆಲ್. ಅದೇ ಅಳತೆಯ ಇನ್ನೊಂದನ್ನ ಜೋಡಿ ಸ್ಲಾಟಿಗೆ ಹಾಕಿದ್ರೆ ಬ್ಯಾಂಡ್‌ವಿಡ್ತ್ ಡಬಲ್, ಜೊತೆಗೆ ಫೈರ್‌ಫಾಕ್ಸ್ ಸ್ವಾಪಿಗೆ ಇಳಿದು ಚಿತ್ರ ನಿಲ್ಲೋದೂ ತಪ್ಪುತ್ತೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಡಿಡಿಆರ್3 4 ಜಿಬಿ 450–500ಕ್ಕೆ ಸಿಕ್ತು. ಇನ್ನೂ ಕಮ್ಮಿಗೆ ಕೊಡ್ತೀನಿ ಅಂದ್ರೆ ಸ್ಟಿಕ್ಕಿನ ಎರಡೂ ಬದಿ ನೋಡಿ. ಎಎಂಡಿ ಬೋರ್ಡಿಗೆ ಮಾತ್ರ ಅಂತ ಮಾರೋ ಸ್ಟಿಕ್ಕುಗಳು ಇಂಟೆಲ್ ಬೋರ್ಡಿನಲ್ಲಿ ಡಿಸ್‌ಪ್ಲೇನೇ ಕೊಡಲ್ಲ. ಅಂಗಡಿಯಲ್ಲೇ ಹಾಕಿಸಿ ನೋಡಿ ತನ್ನಿ. ದುಡ್ಡು ಉಳಿಸೋಕೆ ಝಡ್‌ರ‍್ಯಾಮ್ (ರ‍್ಯಾಮಿನಲ್ಲಿರೋದನ್ನ ಕಂಪ್ರೆಸ್ ಮಾಡಿಡೋದು) ಕೂಡ ಪ್ರಯತ್ನಿಸಿದೆ. ಟ್ಯಾಬ್ ಬದಲಿಸೋದು ಚುರುಕಾಯ್ತು, ವಿಡಿಯೋಗೆ ಪ್ರಯೋಜನವಾಗಲಿಲ್ಲ, ಯಾಕಂದ್ರೆ ಕಂಪ್ರೆಸ್ ಮಾಡೋ ಹೊರೆ ಮೊದಲೇ ಬಸವಳಿದಿದ್ದ ಸಿಪಿಯು ಮೇಲೇ ಬೀಳುತ್ತೆ.

ಫೋನಿನಲ್ಲಿ ತೆಗೆದ 4ಕೆ ಎಚ್‌ಇವಿಸಿ ಮಾತ್ರ ಹ್ಯಾಸ್‌ವೆಲ್‌ನಲ್ಲಿ ಯಾವ ಮಂತ್ರಕ್ಕೂ ಬಗ್ಗಲ್ಲ. ಎಫ್‌ಎಫ್‌ಎಂಪೆಗ್‌ನಲ್ಲಿ 1080ಪಿ ಎಚ್.264ಕ್ಕೆ ಬದಲಿಸಿ, ಸಿಆರ್‌ಎಫ್ (ಗುಣಮಟ್ಟದ ಅಳತೆ) 22, ಪ್ರಿಸೆಟ್ ವೆರಿಫಾಸ್ಟ್. ಮೂಲ 10 ಬಿಟ್ ಇದ್ರೆ ಪಿಕ್ಸೆಲ್ ಫಾರ್ಮ್ಯಾಟನ್ನ ವೈಯುವಿ420ಪಿ ಅಂತ ಹೇಳಲೇಬೇಕು, ಇಲ್ಲದಿದ್ರೆ ಹೊಸ ಫೈಲೂ 10 ಬಿಟ್ ಎಚ್.264 ಆಗಿ ಗ್ರಾಫಿಕ್ಸ್ ಅದನ್ನೂ ಮುಟ್ಟಲ್ಲ. ಹತ್ತು ನಿಮಿಷದ ಕ್ಲಿಪ್ಪಿಗೆ ಅರ್ಧ ಗಂಟೆ ಹಿಡಿಯುತ್ತೆ, ರಾತ್ರಿ ಸ್ಕ್ರಿಪ್ಟಿಗೆ ಬಿಟ್ಟರೆ ಬೆಳಿಗ್ಗೆ ರೆಡಿ.

ಕನ್ನಡ ಸಬ್‌ಟೈಟಲ್ಲಿನ ಬಗ್ಗೆಯೂ ಹೇಳಿಬಿಡ್ತೀನಿ. ಡಬ್ಬಿ ಡಬ್ಬಿ ಕಂಡ್ರೆ ಫಾಂಟ್ಸ್-ಕೆಎನ್‌ಡಿಎ ಹಾಕಿ, ಲೋಹಿತ್, ಗುಬ್ಬಿ, ನವಿಲು ಮೂರೂ ಬರುತ್ತೆ. ಎಂಪಿವಿಯಲ್ಲಿ ಒತ್ತಕ್ಷರ ಸರಿಯಾಗೇ ಕೂರುತ್ತೆ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡ್ರೆ ಅದು ಹಳೇ ನುಡಿ ಎನ್‌ಕೋಡಿಂಗಿನ ಫೈಲು, ಅಪ್‌ಗ್ರೇಡಿಗೂ ಅದಕ್ಕೂ ಸಂಬಂಧವಿಲ್ಲ. ಯೂನಿಕೋಡಿಗೆ ಬದಲಿಸಿ ಯುಟಿಎಫ್-8ನಲ್ಲಿ ಸೇವ್ ಮಾಡಿ. ಬದಲಿಸೋವಾಗ ಮಾತಿನ ಸಾಲುಗಳನ್ನ ಮಾತ್ರ ಕನ್ವರ್ಟರಿಗೆ ಕೊಡಿ. ಸಮಯದ ಸಾಲಿನ ಅಂಕಿಗಳು ಕನ್ನಡ ಅಂಕಿಗಳಾಗಿಬಿಟ್ರೆ ಪ್ಲೇಯರಿಗೆ ಓದೋಕೆ ಬರಲ್ಲ, ಒಂದು ಸಾಲೂ ಪರದೆಗೆ ಬರಲ್ಲ.