ಮೂಲ ಬಣ್ಣ ಉಳಿಸಿಕೊಂಡೇ ಹಳೆಯ ರೋಡ್ ಸೈಕಲ್ಲನ್ನು ಹೊಸದಾಗಿಸಿದ್ದು: ನನ್ನ ಅನುಭವ

ಹಳೆಯ ರೋಡ್ ಸೈಕಲ್ಲಿನ ಮೂಲ ಬಣ್ಣವನ್ನು ಕೆರೆದು ತೆಗೆಯದೆಯೇ ಅದನ್ನು ಶೋರೂಮಿನ ಗಾಜಿನ ಹಿಂದೆ ನಿಲ್ಲಿಸುವಂತೆ ಮಾಡಬಹುದು ಎಂದು ನಾನು ಹೇಳಿದಾಗ, ಈ ಕೆಲಸದಲ್ಲಿ ನನಗಿಂತ ಹೆಚ್ಚು ವರ್ಷ ಕೈ ಪಳಗಿಸಿಕೊಂಡವರು ಯಾರೂ ಒಪ್ಪಲಿಲ್ಲ. ತುಕ್ಕು ಬಣ್ಣದ ಅಡಿಯಲ್ಲಿ ಹರಡಿರುತ್ತದೆ, ಆಮ್ಲದಲ್ಲಿ ಅದ್ದಿದರೆ ತುಕ್ಕಿನ ಜೊತೆ ಬಣ್ಣವೂ ಹೋಗುತ್ತದೆ, ಒಂದು ವೇಳೆ ಉಳಿದರೂ ಟಚಪ್ ಮಾಡಿದ, ಅಂದರೆ ಬಣ್ಣ ಹೋದಲ್ಲಷ್ಟೇ ಹೊಸದನ್ನು ತುಂಬಿದ ಜಾಗ ಹತ್ತು ಹೆಜ್ಜೆ ದೂರಕ್ಕೇ ಎದ್ದು ಕಾಣುತ್ತದೆ ಎಂಬುದು ಅವರ ವಾದವಾಗಿತ್ತು. ಮೂರನೆಯ ಸೈಕಲ್ಲಿನಲ್ಲಿ ಅದು ಕೈಗೂಡಿತು. ನಾಲ್ಕನೆಯದರಲ್ಲಿಯೂ ಅದೇ ಕ್ರಮದಿಂದ ಅದೇ ಫಲ ಬಂದಮೇಲೆ, ಇದು ಆಕಸ್ಮಿಕವಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಬಿಚ್ಚಿ ಜೋಡಿಸುವ ಕೆಲಸ ಬಲ್ಲವರಿಗಾಗಿ ಬರೆದದ್ದರಿಂದ ಆ ಭಾಗವನ್ನು ಬಿಟ್ಟಿದ್ದೇನೆ.

ಮೊದಲು ಸೋತ ಎರಡು ಸೈಕಲ್ಲುಗಳ ವಿಷಯ ಹೇಳಬೇಕು, ಏಕೆಂದರೆ ಹಣ ಹೋದದ್ದು ಅಲ್ಲಿಯೇ.

ಮೊದಲನೆಯದು 1970ರ ದಶಕದ, ರೆನಾಲ್ಡ್ಸ್ 531 ಎಂಬ ತೆಳು ಉಕ್ಕಿನ ಕೊಳವೆಗಳನ್ನು ಲಗ್ಗುಗಳಲ್ಲಿ (ಕೊಳವೆಗಳು ಕೂಡುವಲ್ಲಿನ ಲೋಹದ ತೋಳುಗಳಲ್ಲಿ) ಬೆಸೆದ ಫ್ರೇಮು. ಎಲ್ಲರೂ ಮಾಡುವಂತೆ ನಾನೂ ಅದನ್ನು ಮರಳು ಊದಿ ಬಣ್ಣ ತೆಗೆಯುವ ಸ್ಯಾಂಡ್‌ಬ್ಲಾಸ್ಟಿಂಗಿಗೆ ಕೊಟ್ಟೆ. ಈ ಕೊಳವೆಗಳ ಗೋಡೆ ನಡುಭಾಗದಲ್ಲಿ ಒಂದು ಮಿ.ಮೀ.ಗಿಂತಲೂ ತೆಳುವಾಗಿರುತ್ತದೆ ಎಂದು ಕೆಲಸದವರಿಗೆ ತಿಳಿಸಿದ್ದೆನಾದರೂ, ಗೇಟು ಗ್ರಿಲ್ಲುಗಳಿಗೆ ಬಳಸುವ ದಪ್ಪ ಮರಳನ್ನೇ ಅದಕ್ಕೂ ಬಳಸಿದ್ದರು. ಡೌನ್ ಟ್ಯೂಬಿನ ಮೈಮೇಲೆ ಕಿತ್ತಳೆ ಸಿಪ್ಪೆಯಂತೆ ಗುಳಿಗಳೆದ್ದವು, ಲಗ್ಗುಗಳ ಅಂಚಿನ ಮೊನಚು ಹೋಯಿತು. ಗುಳಿ ಮುಚ್ಚಲೆಂದು ಪೌಡರ್ ಕೋಟಿಂಗ್ ಮಾಡಿಸಿದೆ; ಆ ದಪ್ಪ ಲೇಪ ಉಳಿದಿದ್ದ ಅಂಚುಗಳನ್ನೂ ನುಂಗಿತು. ಸೈಕಲ್ಲನ್ನು ಕೊಂಡ ಹಣದ ಸುಮಾರು ಮೂರರಷ್ಟು ಅದಕ್ಕೆ ಖರ್ಚಾಗಿತ್ತು. ಮಾರಿದಾಗ ಹಾಕಿದ್ದರ ಅರ್ಧವೂ ಬರಲಿಲ್ಲ. ನೋಡಲು ಬಂದವರೆಲ್ಲರೂ ಕೇಳಿದ ಮೊದಲ ಪ್ರಶ್ನೆ ಒಂದೇ: ಇದು ಮೂಲ ಬಣ್ಣವೇ?

ಎರಡನೆಯದನ್ನು ಕೆಡಿಸಿದ್ದು ಸೀಟನ್ನು ಹಿಡಿದಿಡುವ ಕಂಬ, ಸೀಟ್ ಪೋಸ್ಟು. ಉಕ್ಕಿನ ಕೊಳವೆಯೊಳಗೆ ಅಲ್ಯೂಮಿನಿಯಮ್ ಪೋಸ್ಟು ದಶಕಗಳಿಂದ ಅಲುಗದೆ ಕುಳಿತರೆ ಬಿಡಿಸಲಾಗದಂತೆ ಕಚ್ಚಿಕೊಳ್ಳುತ್ತದೆ ಎಂಬುದು ಗೊತ್ತಿರುವ ಸಂಗತಿ. ತಿಂಗಳು ಕಾಲ ದಿನವೂ ಎಣ್ಣೆ ಹನಿಸಿದೆ. ಅಲ್ಯೂಮಿನಿಯಮ್ ಉಕ್ಕಿಗಿಂತ ತಣ್ಣಗಾದಾಗ ಸುಮಾರು ಎರಡರಷ್ಟು ಕುಗ್ಗುತ್ತದೆಂಬ ಲೆಕ್ಕದ ಮೇಲೆ ಪೋಸ್ಟಿನೊಳಗೆ ಡ್ರೈ ಐಸ್ ತುಂಬಿದೆ. ವೈಸಿನಲ್ಲಿ ಪೋಸ್ಟಿನ ತಲೆಯನ್ನು ಬಿಗಿದು ಫ್ರೇಮನ್ನೇ ತಿರುಗಿಸಿದಾಗ ಪೋಸ್ಟಿನ ತಲೆ ಮುರಿದು ಕೈಗೆ ಬಂತು. ಕೊನೆಗೆ ಕಾಸ್ಟಿಕ್ ಸೋಡಾ ದ್ರಾವಣ ಸುರಿದೆ. ಅದು ಅಲ್ಯೂಮಿನಿಯಮ್ಮನ್ನು ಕರಗಿಸಿತು, ಉಕ್ಕನ್ನು ಮುಟ್ಟಲಿಲ್ಲ. ಆದರೆ ಬಿಸಿಯಾಗಿ ನೊರೆಯುಕ್ಕಿ ಲಗ್ಗಿನ ಸೀಳಿನಿಂದ ಹೊರಬಂದು, ಸೀಟ್ ಟ್ಯೂಬಿನ ಉದ್ದಕ್ಕೂ ಎರಡು ಬೆರಳಗಲ ಬಣ್ಣವನ್ನು ಬರಿಯ ಲೋಹದವರೆಗೆ ತೊಳೆದುಕೊಂಡು ಹೋಯಿತು. ಜೊತೆಗೆ ಅದರ ಫೋರ್ಕಿಗೆ ಹೊಸದಾಗಿ ಕ್ರೋಮ್ ಮಾಡಿಸಿದ್ದೆ. ಹಳೆಯ ಗುಳಿಗಳು ಕಾಣಬಾರದೆಂದು ಲೇಪಕ್ಕೆ ಮುಂಚೆ ಎಷ್ಟು ಉಜ್ಜಿದ್ದರೆಂದರೆ ಫೋರ್ಕಿನ ಕಿರೀಟದ ಮೇಲಿದ್ದ ಕೆತ್ತನೆ ಮಾಸಿಹೋಗಿತ್ತು. ಆ ಸೈಕಲ್ಲಿಗೆ ಆದ ಒಟ್ಟು ಖರ್ಚನ್ನು ನೂರು ಭಾಗ ಮಾಡಿದರೆ ಮೂವತ್ತೈದು ಭಾಗ ಕ್ರೋಮ್‌ಗೆ, ಸುಮಾರು ಅಷ್ಟೇ ಬಣ್ಣಕ್ಕೆ ಹೋದಂತೆ ನೆನಪು.

ಮೂರನೆಯದು ತಿಳಿನೀಲಿ ಬಣ್ಣದ್ದು. ಇಟಲಿಯ ಕ್ಯಾಂಪಾನ್ಯೋಲೊ ಕಂಪನಿಯ ನುವೊವೊ ರೆಕಾರ್ಡ್ ಎಂಬ ಅದರ ಹಿಂಬದಿ ಡಿರೇಲರಿನ (ಗೇರ್ ಬದಲಿಸುವ ಸಾಧನದ) ಮೇಲೆ ಪೇಟೆಂಟ್ 72 ಎಂಬ, ತಯಾರಾದ ವರ್ಷ ತಿಳಿಸುವ ಅಚ್ಚು ಇತ್ತು. ಹಬ್ಬು, ಬ್ರೇಕು, ಪೆಡಲು ಹಿಡಿಯುವ ಕ್ರಾಂಕು ಎಲ್ಲವೂ ಅದೇ ಕಾಲದವು. ಯಾರೂ ಏನನ್ನೂ ಬದಲಾಯಿಸಿರಲಿಲ್ಲ. ಇಂಥದ್ದರ ಬಣ್ಣವನ್ನು ಕೆರೆಯಲು ನನಗೆ ಮನಸ್ಸು ಬರಲಿಲ್ಲ. ಇದರ ಪೋಸ್ಟೂ ಕಚ್ಚಿಕೊಂಡಿತ್ತು. ಈ ಸಲ ಯಾವ ರಾಸಾಯನಿಕವನ್ನೂ ಬಳಸದೆ, ಪೋಸ್ಟನ್ನು ಲಗ್ಗಿಗಿಂತ ಬೆರಳಗಲ ಮೇಲಕ್ಕೆ ಕತ್ತರಿಸಿ, ಬರಿಯ ಹ್ಯಾಕ್ಸಾ ಬ್ಲೇಡಿನಿಂದ ಒಳಗಿನಿಂದ ಉದ್ದಕ್ಕೆ ಸೀಳುತ್ತಾ ಬಂದೆ. 27.2 ಮಿ.ಮೀ. ಪೋಸ್ಟಿನ ಸುತ್ತ ಇರುವ ಕೊಳವೆಯ ಹೊರವ್ಯಾಸ 28.6 ಮಿ.ಮೀ. ಮಾತ್ರ, ಬ್ಲೇಡು ಅರ್ಧ ಮಿಲಿಮೀಟರು ಹೆಚ್ಚು ಹೋದರೆ ಫ್ರೇಮು ಮುಗಿಯಿತು. ಅಲ್ಯೂಮಿನಿಯಮ್ ಕೊರೆಯುವಾಗ ಬ್ಲೇಡು ಮೆತ್ತಗೆ ಜಾರುತ್ತದೆ, ಉಕ್ಕು ತಾಗಿದ ಕೂಡಲೇ ಕೀಚಲು ದನಿ ಬರುತ್ತದೆ. ಆ ದನಿಯನ್ನು ನಂಬಿ ನಾಲ್ಕು ಸಂಜೆ ಕೆಲಸ ಮಾಡಿದೆ. ಎರಡನೆಯ ಸೀಳು ಮುಗಿದಾಗ ಅದು ಹೋಳಾಗಿ ಒಳಕ್ಕೆ ಮಡಿಚಿಕೊಂಡಿತು, ಇಕ್ಕಳದಲ್ಲಿ ಎಳೆದು ತೆಗೆದೆ. ಬಣ್ಣಕ್ಕೆ ಒಂದು ಗೀರೂ ಬೀಳಲಿಲ್ಲ.

ಫ್ರೇಮಿನ ನೇರವನ್ನು ಬಣ್ಣದ ಕೆಲಸಕ್ಕೆ ಮುಂಚೆಯೇ ನೋಡಿಕೊಳ್ಳಬೇಕು. ಹುರಿ ಕಟ್ಟಿ ಅಳೆದಾಗ ಎಡಬಲಗಳಲ್ಲಿ ಮೂರು ಮಿಲಿಮೀಟರಿನಷ್ಟು ವ್ಯತ್ಯಾಸವಿತ್ತು, ಸರಿಪಡಿಸಿದೆ. ಹಿಂಬದಿ ಚಕ್ರ ಕೂರುವ ಎರಡು ಕವಲುಗಳ ನಡುವಿನ 120 ಮಿ.ಮೀ. ಅಂತರವನ್ನು 130ಕ್ಕೆ ಅಗಲಿಸು, ಈಗಿನ ಚಕ್ರ ಹಾಕಬಹುದು ಎಂಬ ಸಲಹೆ ಬಂತು. ಐದು ಹಲ್ಲುಚಕ್ರಗಳ ಫ್ರೀವೀಲಿನೊಂದಿಗೆ ಹುಟ್ಟಿದ ಸೈಕಲ್ಲು ಹಾಗೆಯೇ ಇರಬೇಕು ಎಂಬುದು ನನ್ನ ನಿಲುವು.

ಇನ್ನು ಆಕ್ಸಾಲಿಕ್ ಆಮ್ಲದ ಸ್ನಾನ. ಅನುಮಾನಪಟ್ಟವರ ಮಾತಿನಲ್ಲಿ ಅರ್ಧ ಸತ್ಯವಿದೆ: ಬಣ್ಣದ ಅಡಿಯ ತುಕ್ಕು ನಿಜ, ಮತ್ತು ಮುಚ್ಚಿದ ಗುಳ್ಳೆಯೊಳಕ್ಕೆ ಆಮ್ಲ ಹೋಗುವುದಿಲ್ಲ. ಹೆಚ್ಚಿನವರು ಸೋಲುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಸ್ನಾನಕ್ಕೆ ಮೊದಲು ನಾನು ಫ್ರೇಮಿನ ಮೇಲೆ ಬೆರಳುಗುರಿನ ಬೆನ್ನಿನಿಂದ ಅಂಗುಲ ಅಂಗುಲವಾಗಿ ತಟ್ಟುತ್ತಾ ಹೋಗಿ, ಪೊಳ್ಳು ಸದ್ದು ಬಂದಲ್ಲೆಲ್ಲ ಸೂಜಿಯಿಂದ ಗುಳ್ಳೆಯನ್ನು ಒಡೆದು, ಅಂಚನ್ನು ಬ್ಲೇಡಿನಿಂದ ಗಟ್ಟಿ ಬಣ್ಣ ಸಿಗುವವರೆಗೆ ಕತ್ತರಿಸಿ ಬಿಟ್ಟೆ. ಸುಮಾರು ಎಪ್ಪತ್ತು ಎಂಬತ್ತು ಜಾಗಗಳಾದವು. ನೋಡಲು ಸಿಡುಬು ಬಂದಂತಿತ್ತು. ಹೀಗೆ ತೆರೆದ ಬಾಯಿಯಿಂದ ಆಮ್ಲ ಒಳಹೋಗಿ ತುಕ್ಕನ್ನು ಕರಗಿಸುತ್ತದೆ, ಸುತ್ತಲಿನ ಗಟ್ಟಿ ಬಣ್ಣ ಅಲುಗುವುದಿಲ್ಲ. ಬಿರುಕು ಬಿಟ್ಟ ಡೆಕಾಲುಗಳ (ಹೆಸರು, ಗುರುತುಗಳ ಅಂಟುಚಿತ್ರಗಳ) ಅಂಚಿಗೆ ಮೊದಲೇ ವಾರ್ನಿಷ್ ಎಳೆದು ಮುಚ್ಚಿದ್ದೆ.

ತೊಟ್ಟಿಗೆಂದು ಮರದ ಚೌಕಟ್ಟಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆ. ಖಾಲಿ ಜಾಗಗಳಲ್ಲಿ ನೀರು ತುಂಬಿದ ಬಾಟಲಿಗಳನ್ನಿಟ್ಟದ್ದರಿಂದ ನೂರು ಲೀಟರು ಹಿಡಿಯುವಲ್ಲಿ ಐವತ್ತರಷ್ಟು ದ್ರಾವಣ ಸಾಕಾಯಿತು. ಲೀಟರಿಗೆ 25 ಗ್ರಾಮ್ ಆಸುಪಾಸು ಆಮ್ಲ. ಒಟ್ಟು ಹದಿನೆಂಟು ಗಂಟೆ, ನಡುವೆ ಎರಡು ಸಲ ಮಗುಚಿದ್ದೆ. ಇದು ವಿಷ, ಕೈಗವಸು ಕನ್ನಡಕ ಬೇಕೇ ಬೇಕು. ಹೆಚ್ಚು ಹೊತ್ತು ಬಿಟ್ಟರೆ ಒಳ್ಳೆಯದೆಂದು ತಿಳಿದು ಒಂದು ಗುಜರಿ ಫೋರ್ಕನ್ನು ಮೂರು ದಿನ ಮುಳುಗಿಸಿಟ್ಟಿದ್ದೆ. ಅದರ ಮೇಲೆ ಉಜ್ಜಿದರೂ ಹೋಗದ ಹಳದಿ ಪೊರೆ ಕಟ್ಟಿತು. ತೆಗೆದ ಮೇಲೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಕೊಳವೆಗಳ ಒಳಗನ್ನೂ ಮೂರು ನಾಲ್ಕು ಸಲ ಜಾಲಿಸಿ, ಹೊರಬರುವ ನೀರಿಗೆ ಲಿಟ್ಮಸ್ ಕಾಗದ ಹಿಡಿದು ನೋಡಬೇಕು. ಅನಂತರ ತಡಮಾಡದೆ ಬಿಸಿಗಾಳಿಯಲ್ಲಿ ಒಣಗಿಸಬೇಕು, ಇಲ್ಲವಾದರೆ ಕಣ್ಣೆದುರಿಗೇ ಕೆಂಪು ತುಕ್ಕು ಮತ್ತೆ ಮೂಡುತ್ತದೆ.

ಇದಕ್ಕೆ ಬದಲಾಗಿ ಕಾಕಂಬಿಯನ್ನೂ ಪರೀಕ್ಷಿಸಿದ್ದೇನೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಬ್ರೇಕಿನ ಬೋಲ್ಟುಗಳನ್ನು ಮೂರು ವಾರ ನೆನೆಸಿಟ್ಟೆ. ತುಕ್ಕು ಸಂಪೂರ್ಣವಾಗಿ ಹೋಯಿತು, ಆದರೆ ವಾಸನೆಯನ್ನು ಸಹಿಸುವುದು ಕಷ್ಟ. ಇಡೀ ಫ್ರೇಮಿಗೆ ನಾನು ಅದನ್ನು ಬಳಸುವುದಿಲ್ಲ. ಕ್ರೋಮ್ ಭಾಗಗಳಿಗೆ ಮಾತ್ರ ನೀರಿನಲ್ಲಿ ಅದ್ದಿದ ಅಲ್ಯೂಮಿನಿಯಮ್ ಹಾಳೆಯ ಉಂಡೆಗಿಂತ ಅಗ್ಗವಾದದ್ದು, ಉತ್ತಮವಾದದ್ದು ನನಗೆ ಇದುವರೆಗೆ ಸಿಕ್ಕಿಲ್ಲ.

ಬಣ್ಣ ಹೊಂದಿಸುವುದರಲ್ಲಿ ನಾನು ಮಾಡಿದ ದೊಡ್ಡ ತಪ್ಪನ್ನು ವಿವರವಾಗಿ ಹೇಳುತ್ತೇನೆ. ಮೊದಲ ಸಲ ಟಾಪ್ ಟ್ಯೂಬಿನ ಪಕ್ಕದಲ್ಲಿ ಹಿಡಿದು ನೀಲಿಯನ್ನು ಬೆರೆಸಿ, ಎಲ್ಲ ಗಾಯಗಳನ್ನೂ ತುಂಬಿದೆ. ಹೊಂದಾಣಿಕೆ ಚೆನ್ನಾಗಿಯೇ ಇತ್ತು. ಆಮೇಲೆ ರಬ್ಬಿಂಗ್ ಕಾಂಪೌಂಡಿನಿಂದ ಫ್ರೇಮನ್ನು ಉಜ್ಜಿದಾಗ, ಬಿಸಿಲಿಗೆ ಪುಡಿಯಾಗಿದ್ದ ಮೇಲ್ಪದರ ಹೋಗಿ ಅಡಿಯ ನೀಲಿ ಗಾಢವಾಗಿ ಹೊರಬಂತು, ನಾನು ತುಂಬಿದ ಎಂಬತ್ತು ಚುಕ್ಕೆಗಳೂ ಬೆಳ್ಳಗೆ ಮಿನುಗಿದವು. ಎಲ್ಲವನ್ನೂ ಕೆರೆದು ಮತ್ತೆ ಆರಂಭಿಸಬೇಕಾಯಿತು. ಆದ್ದರಿಂದ ಮೊದಲು ಉಜ್ಜಬೇಕು, ಆಮೇಲೆ ಬಣ್ಣ ಬೆರೆಸಬೇಕು. ಮತ್ತು ಬೆರೆಸಿದ್ದನ್ನು ಒಣಗಿಸಿಯೇ ಹೋಲಿಸಬೇಕು. ಗುಳಿಯ ತಳಕ್ಕೆ ಪ್ರೈಮರಿನ ಒಂದು ಹನಿ, ಅದರ ಮೇಲೆ ಸೂಜಿಮೊನೆಯ ಕುಂಚದಿಂದ ದಿನಕ್ಕೊಂದರಂತೆ ಹತ್ತು ಹನ್ನೆರಡು ಪದರ ಬಣ್ಣ, ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಎತ್ತರ ಬರುವವರೆಗೆ. ಎರಡು ವಾರ ಗಟ್ಟಿಯಾಗಲು ಬಿಟ್ಟು, ಗಟ್ಟಿ ರಬ್ಬರಿನ ತುಂಡಿಗೆ ಸುತ್ತಿದ 2000 ನಂಬರಿನ ವಾಟರ್ ಪೇಪರಿನಿಂದ ಆ ಉಬ್ಬನ್ನಷ್ಟೇ ಇಳಿಸಬೇಕು. ನನ್ನ ನೀಲಿಯಲ್ಲಿ ಒಂದು ಹನಿ ಬೇರೊಂದು ಬಣ್ಣ ಸೇರಿದೆ, ಹಳೆಯ ಬಣ್ಣದ ಮಾಗಿದ ಕಳೆ ಬರುವುದು ಅದರಿಂದಲೇ. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ.

ಮೇಲಿನ ಪಾರದರ್ಶಕ ಲೇಪಕ್ಕೂ ಹೀಗೆಯೇ ಒಂದು ಕಥೆಯಿದೆ. ಎರಡನೆಯ ಸೈಕಲ್ಲಿನಲ್ಲಿ ಗಟ್ಟಿಕಾರಕ ಬೆರೆಸಿದ ಕ್ಲಿಯರ್ ಕೋಟನ್ನು ನೇರವಾಗಿ ಸಿಂಪಡಿಸಿದಾಗ ಹೊಸದಾಗಿ ಅಂಟಿಸಿದ್ದ ಡೆಕಾಲುಗಳು ಹಾಲಿನ ಕೆನೆಯಂತೆ ಸುಕ್ಕುಗಟ್ಟಿದ್ದವು. ಮೂರನೆಯದರಲ್ಲಿ ಡೆಕಾಲು ಮತ್ತು ಲೇಪದ ನಡುವೆ ಒಂದು ತೆಳು ತಡೆಪದರವನ್ನು ಕೊಟ್ಟೆ. ಅದಕ್ಕೆ ಏನನ್ನು ಬಳಸಿದೆನೆಂಬುದನ್ನೂ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಫಲವನ್ನಂತೂ ಹೇಳಬಹುದು: ಕೊಳವೆಯ ಹಸಿರು ಚಿನ್ನದ ಬಣ್ಣದ 531 ಮೊಹರು ಇಂದಿಗೂ ಅಕ್ಷರ ಮುರಿಯದೆ ನಿಂತಿದೆ.

ಕ್ರಾಂಕನ್ನು ಪಾಲಿಶ್ ಮಾಡುವ ಮುನ್ನ ಬಿರುಕು ನೋಡಿಕೊಳ್ಳಿ. ಆ ಕಾಲದ ಕ್ಯಾಂಪಾನ್ಯೋಲೊ ಕ್ರಾಂಕುಗಳು ತೋಳು ಮತ್ತು ಐದು ಕವಲುಗಳು ಸೇರುವ ಸಂದಿಯಲ್ಲಿ ಬಿರುಕು ಬಿಡುತ್ತವೆ. ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದರೆ ಬಿರುಕಿದ್ದಲ್ಲಿ ಎಣ್ಣೆ ಹೊರಬಂದು ಪುಡಿಯ ಮೇಲೆ ಕೂದಲಿನಂಥ ಕಪ್ಪು ಗೆರೆ ಮೂಡುತ್ತದೆ. ನನ್ನದರಲ್ಲಿ ಒಂದು ಗೆರೆ ಮೂಡಿತು. ಅದೇ ಕಾಲದ ಬೇರೊಂದು ಕ್ರಾಂಕಿಗೆ ಕೊಟ್ಟ ಹಣವೇ ಈ ಸೈಕಲ್ಲಿನ ಅತಿ ದೊಡ್ಡ ಖರ್ಚು. ಉಳಿದದ್ದರಲ್ಲಿ ಆಮ್ಲ, ಬಣ್ಣ, ಲೇಪ, ವಾಟರ್ ಪೇಪರುಗಳೆಲ್ಲ ಸೇರಿ ಮೊದಲನೆಯ ಸೈಕಲ್ಲಿನ ಬಣ್ಣಕ್ಕೆ ಕೊಟ್ಟಿದ್ದರ ಹತ್ತನೆಯ ಒಂದು ಭಾಗವೂ ಆಗಲಿಲ್ಲ. ಸಮಯ ಮಾತ್ರ ನೂರ ನಲವತ್ತು ಗಂಟೆ ಮೀರಿರಬೇಕು. ನೋಡಲು ಬಂದ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ಟಚಪ್ ಹುಡುಕಿದರು; ಎಂಬತ್ತರಲ್ಲಿ ಅವರಿಗೆ ಸಿಕ್ಕಿದ್ದು ಆರು. ಕೊಂಡ ಬೆಲೆ ಮತ್ತು ಖರ್ಚು ಎರಡನ್ನೂ ಸೇರಿಸಿದ ಮೊತ್ತದ ಎರಡರಷ್ಟು ಕೊಡುತ್ತೇನೆಂದು ಅವರೇ ಹೇಳಿದರು. ನಾನು ಕೊಡಲಿಲ್ಲ.

ಜೋಡಣೆಗೆ ಮುಂಚೆ, ಒಳಗೆ ತುಕ್ಕು ಹಿಡಿಯದಿರಲೆಂದು, ಕೊಳವೆಗಳೊಳಗೆ ಕಾಯಿಸಿದ ಅಗಸೆ ಎಣ್ಣೆಯನ್ನು ಸುರಿದು ಫ್ರೇಮನ್ನು ಎಲ್ಲ ದಿಕ್ಕಿಗೂ ತಿರುಗಿಸಿ, ಎರಡು ದಿನ ತೊಟ್ಟಿಕ್ಕಲು ಬಿಟ್ಟೆ. ಹ್ಯಾಂಡಲಿಗೆ ಹತ್ತಿಯ ಪಟ್ಟಿ ಸುತ್ತಿ ಅರಗಿನ ಮೂರು ಕೈ ಬಳಿದದ್ದು ಬರಿಯ ಕುತೂಹಲಕ್ಕೆ. ಮೂರನೆಯ ಕೈಗೆ ಅದು ಜೇನಿನ ಬಣ್ಣಕ್ಕೆ ತಿರುಗಿ ನೀಲಿಯ ಪಕ್ಕದಲ್ಲಿ ಬಹಳ ಒಪ್ಪಿತು.

ಈಗ ಕೈಯಲ್ಲಿರುವುದು ಬೆಳ್ಳಿಬಣ್ಣದ ತಳದ ಮೇಲೆ ಪಾರದರ್ಶಕ ಕೆಂಪು ಬಳಿದ ಫ್ರೇಮು. ಇಂಥ ಬಣ್ಣ ಆಮ್ಲದಲ್ಲಿ ಮಾಸುವ ಸಂಭವವಿರುವುದರಿಂದ ಸ್ನಾನಕ್ಕೆ ಇಳಿಸುವ ಧೈರ್ಯ ಇನ್ನೂ ಮಾಡಿಲ್ಲ. ಸೀಟ್ ಟ್ಯೂಬಿನ ಮೇಲೆ ಡಿರೇಲರಿನ ಪಟ್ಟಿ ಮುಚ್ಚಿಕೊಳ್ಳುವ ಬೆರಳಗಲ ಜಾಗದಲ್ಲಿ, ಅರ್ಧ ಸಾಂದ್ರತೆಯ ದ್ರಾವಣದಲ್ಲಿ ನೆನೆಸಿದ ಬಟ್ಟೆಯನ್ನು ದಿನಕ್ಕೆ ಎರಡು ಗಂಟೆಯಂತೆ ಸುತ್ತಿಡುತ್ತಿದ್ದೇನೆ. ಐದು ದಿನವಾಗಿದೆ, ಕೆಂಪು ಇನ್ನೂ ಕದಲಿಲ್ಲ.