ಪಂಪ್ ಬಂದ್ ಆದ್ಮೇಲೆ ಸ್ಯಾಚುರೇಶನ್ ಏರವಲ್ದಾ? ಮೊದ್ಲು ಲಂಗ್ ಬಿಚ್ಚೈತಾ ನೋಡ್ರಿ

ಇಲ್ಲಿ ದಾವಣಗೆರೆಯಾಗೆ ಕಾರ್ಡಿಯಾಕ್ ಓಟಿಗೆ ಹೊಸದಾಗಿ ಬರೋ ಪಿಜಿ ಹುಡುಗ್ರು, ಅನಸ್ತೇಸಿಯಾ ಟೆಕ್ನಿಷಿಯನ್ ಹುಡುಗೀರು ಎಲ್ರೂ ನನ್ನ ಕೇಳೋದು ಒಂದೇ, "ಸರ್ ಪಂಪ್ ಬಂದ್ ಆತು, ಬಿಪಿ ಚೆನ್ನಾಗೈತಿ, ಸ್ಯಾಚುರೇಶನ್ ಮಾತ್ರ 88 ದಾಟವಲ್ದು, ಆಕ್ಸಿಜನ್ ನೂರಕ್ಕೆ ಹಾಕೇವಿ". ಪಂಪ್ ಅಂದ್ರೆ ಹಾರ್ಟ್ ಆಪರೇಷನ್ ಟೈಮಲ್ಲಿ ಹಾರ್ಟ್, ಲಂಗ್ ಎರಡರ ಕೆಲ್ಸ ಮಾಡೋ ಬೈಪಾಸ್ ಮಷಿನ್, ಸ್ಯಾಚುರೇಶನ್ ಅಂದ್ರೆ ರಕ್ತದಾಗಿನ ಆಕ್ಸಿಜನ್ ಶೇಕಡಾ ಲೆಕ್ಕ. ನೂರಕ್ಕೆ ಹಾಕಿದ್ದು ಸರಿನೇ. ಆದ್ರೆ ಬಾಗ್ಲು ಮುಚ್ಚಿದ ಮನಿ ಮುಂದೆ ಎಷ್ಟು ನೀರು ಸುರುವಿದ್ರೂ ಒಳಗಿನ ಕೊಡ ತುಂಬಂಗಿಲ್ಲ.

ಬೈಪಾಸ್ ಟೈಮಲ್ಲಿ ರಕ್ತಕ್ಕೆ ಆಕ್ಸಿಜನ್ ಕೊಡೋದು ಮಷಿನ್ನು, ವೆಂಟಿಲೇಟರ್ ಸಾಮಾನ್ಯವಾಗಿ ನಿಲ್ಸಿರ್ತೀವಿ, ಒಂದೆರಡು ಗಂಟೆ ಲಂಗ್ ಮುದುಡಿ ಬಿದ್ದಿರ್ತೈತಿ, ಅದ್ರಾಗೂ ಎಡಗಡೆ ಕೆಳಗಿನ ಭಾಗ. ಆ ಮುಚ್ಚಿದ ಭಾಗದಾಗೆ ಹರಿಯೋ ರಕ್ತ ಆಕ್ಸಿಜನ್ ಮುಟ್ಟದೇನೇ ಹಾರ್ಟಿಗೆ ವಾಪಸ್ ಬರ್ತೈತಿ, ಇದಕ್ಕೇ ಶಂಟ್ ಅನ್ನೋದು. ಮಡಚಿಟ್ಟ ಬಲೂನು ಊದಿ ನೋಡ್ರಿ, ಮೊದಲ್ನೇ ಸಲ ಕೆನ್ನೆ ನೋಯ್ತೈತಿ, ಒಮ್ಮೆ ಬಿಚ್ಕಂಡ್ಮೇಲೆ ಸಲೀಸು. ಲಂಗೂ ಹಂಗೇ.

ನಾನು ಹೊಸಬ ಇದ್ದಾಗಿನ ಒಂದು ಕೇಸ್ ಹೇಳ್ತೀನಿ. ಪೇಷೆಂಟು ಮಂಡಕ್ಕಿ ಭಟ್ಟಿಯಾಗೆ ವರ್ಷಗಟ್ಲೆ ಹೊಗೆ ಕುಡಿದ ಮನುಷ್ಯ, ಸಿಎಬಿಜಿ (ಹಾರ್ಟಿನ ಬೈಪಾಸ್ ಆಪರೇಷನ್). ಪಂಪ್ ಇಳಿದ್ಮೇಲೆ 86. ನಾನು ಆಕ್ಸಿಜನ್ ನೂರಕ್ಕೆ ತಿರುವಿ 89 ಬಂತು ಅಂತ ಸಮಾಧಾನ ಮಾಡ್ಕಂಡು ಮಾನಿಟರ್ ನೋಡ್ಕಂತ ನಿಂತಿದ್ದೆ. ನಮ್ಮ ಸೀನಿಯರ್ ಬಂದು ಮಾನಿಟರ್ ಕಡೆ ನೋಡ್ಲೇ ಇಲ್ಲ, ಪರದೆ ಮೇಲಿಂದ ಬಗ್ಗಿ ಎದೆ ಒಳಗೆ ನೋಡಿದ್ರು. ಗ್ರಾಫ್ಟಿಗೆ ಅಂತ ಮ್ಯಾಮರಿ (ಎದೆಗೋಡೆ ಒಳಗಿನ ರಕ್ತನಾಳ) ತೆಗೆಯುವಾಗ ಎಡ ಪ್ಲೂರಾ (ಲಂಗ್ ಸುತ್ತಲಿನ ಪೊರೆ) ತೆರೆದಿತ್ತು, ಲಂಗಿನ ಕೆಳಗಿನ ಲೋಬ್ ಲಿವರ್ ತುಂಡಿನ ತರ ಕಪ್ಪಗೆ, ಚಪ್ಪಟೆ, ಉಸಿರಿಗೆ ಅಲುಗಾಡ್ತಾನೇ ಇಲ್ಲ. ಉಸಿರಿನ ಟ್ಯೂಬಿಗೆ ಸಕ್ಷನ್ ಹಾಕಿದ್ರು, ಗೋಂದಿನಂಥ ಕಫದ ಗಡ್ಡೆ ಬಂತು. ಆಮೇಲೆ ಕೈಯಿಂದ ಬ್ಯಾಗ್ ಹಿಡಿದು ನಿಧಾನಕ್ಕೆ ಒತ್ತಿದ್ರು, ಅಂಚಿನಿಂದ ಒಂದೊಂದೇ ಕಡೆ ಗುಲಾಬಿ ಬಣ್ಣ ತಿರುಗ್ತಾ ಬಂದಿದ್ದು ಇವತ್ತಿಗೂ ಕಣ್ಣಾಗೈತಿ. 98 ಆತು.

ಹಂಗಾಗಿ ಮೊದ್ಲು ಪೇಷೆಂಟ್, ಆಮೇಲೆ ಮಷಿನ್. ಟ್ಯೂಬ್ ಎಷ್ಟು ಸೆಂಟಿಮೀಟರಿಗೆ ಐತಿ ನೋಡ್ರಿ, ಹಲ್ಲಿನ ಹತ್ರ ಗಂಡಸ್ರಿಗೆ 23, ಹೆಣ್ಮಕ್ಕಳಿಗೆ 21ರ ಆಸುಪಾಸು ಇರ್ಬೇಕು, ಟಿಇಇ (ಅನ್ನನಾಳದೊಳಗಿಂದ ಹಾರ್ಟ್ ನೋಡೋ ಎಕೋ) ಪ್ರೋಬ್ ಆಡಿಸುವಾಗ ಟ್ಯೂಬ್ ಜರುಗಿ ಬಲ ಲಂಗಿನ ಕಡೆಗೆ ಹೋಗಿರೋದು ಅಪರೂಪ ಏನಲ್ಲ. ಎರಡೂ ಲಂಗ್ ಏಳ್ತಾವಾ, ಪ್ಲೂರಾದಾಗೆ ರಕ್ತ ಗಾಳಿ ತುಂಬೈತಾ ಅಂತ ಸರ್ಜನ್ನ ಕೇಳ್ರಿ. ಬೆರಳು ತಣ್ಣಗಿದ್ರೆ ಸ್ಯಾಚುರೇಶನ್ ಪ್ರೋಬೇ ಸುಳ್ಳು ಹೇಳ್ತಿರಬಹುದು, ಕಿವಿಗೆ ಹಾಕ್ರಿ, ಎಬಿಜಿ (ಆರ್ಟರಿ ರಕ್ತದ ಗ್ಯಾಸ್ ಟೆಸ್ಟ್) ಕಳಸ್ರಿ.

ಈಗ ಲಂಗ್ ಬಿಚ್ಚೋದು. ಸಕ್ಷನ್ ಆದ್ಮೇಲೆ ಸರ್ಜನ್ಗೆ ಬಾಯಿಬಿಟ್ಟು ಹೇಳ್ರಿ, "ಸರ್ ಲಂಗ್ ಊದ್ತಾ ಇದೀನಿ" ಅಂತ. ಇದನ್ನ ಬಿಡ್ಲೇಬೇಡ್ರಿ, ಯಾಕಂದ್ರೆ ಎಡ ಲಂಗ್ ಜೋರಾಗಿ ಉಬ್ಬಿದ್ರೆ ಈಗಷ್ಟೇ ಹೊಲಿದ ಮ್ಯಾಮರಿ ಗ್ರಾಫ್ಟನ್ನ ಜಗ್ಗಿಬಿಡ್ತೈತಿ. ಅನಸ್ತೇಸಿಯಾ ಮಷಿನ್ನ ಕೈ ಬ್ಯಾಗಿಗೆ ತಿರುಗ್ಸಿ ಎಪಿಎಲ್ ವಾಲ್ವ್ (ಒತ್ತಡಕ್ಕೆ ಮಿತಿ ಹಾಕೋ ವಾಲ್ವ್) 30ಕ್ಕೆ ಇಟ್ಟು ನಿಧಾನಕ್ಕೆ ಒತ್ತಡ ಏರ್ಸಿ 10-15 ಸೆಕೆಂಡ್ ಹಿಡೀರಿ, ಒಂದು ಕಣ್ಣು ಲಂಗ್ ಮೇಲೆ ಒಂದು ಕಣ್ಣು ಬಿಪಿ ತೋರ್ಸೋ ಆರ್ಟೀರಿಯಲ್ ಲೈನ್ ಮೇಲೆ. ಎದೆ ಒಳಗೆ ಒತ್ತಡ ಹೆಚ್ಚಾದ್ರೆ ಹಾರ್ಟಿಗೆ ವಾಪಸ್ ಬರೋ ರಕ್ತ ಕಮ್ಮಿ ಆಗಿ ಬಿಪಿ ಇಳೀತೈತಿ, ಇಳಿದ್ರೆ ತಕ್ಷಣ ಬಿಟ್ಬಿಡ್ರಿ, ಬಿಪಿ ಸರಿ ಮಾಡ್ಕಂಡು ಮತ್ತೆ.

ಬಿಚ್ಚಿದ ಲಂಗನ್ನ ಬಿಚ್ಚಿದಂಗೆ ಹಿಡಿಯೋದು ಪೀಪ್ (ಉಸಿರು ಬಿಟ್ಮೇಲೂ ಲಂಗಿನಾಗೆ ಉಳಿಸೋ ಒತ್ತಡ), 5ರಿಂದ 8 ಸಾಕಾಗ್ತೈತಿ ಸಾಮಾನ್ಯಕ್ಕೆ. ಟೈಡಲ್ ವಾಲ್ಯೂಮ್ (ಒಂದು ಉಸಿರಿಗೆ ಕೊಡೋ ಗಾಳಿ) ಕೆಜಿಗೆ 6ರಿಂದ 8 ಎಂಎಲ್, ಅದೂ ಎತ್ತರದ ಲೆಕ್ಕದ ತೂಕಕ್ಕೆ: 165 ಸೆಂಟಿಮೀಟರ್ ಗಂಡಸು ಅಂದ್ರೆ ಸುಮಾರು 61 ಕೆಜಿ, ಅವ್ನು ತಕ್ಕಡಿ ಮೇಲೆ 85 ತೂಗಿದ್ರೂ ಅಷ್ಟೇ. ಪ್ಲಾಟೋ (ಗಾಳಿ ತುಂಬಿ ನಿಂತಾಗ ಲಂಗಿನಾಗಿನ ಒತ್ತಡ) 30ರ ಒಳಗೆ ಇರ್ಲಿ. ಭಟ್ಟಿ ಹೊಗೆ, ಬೀಡಿ ಲಂಗಿದ್ರೆ ಉಸಿರಿನ ರೇಟ್ ಕಮ್ಮಿ ಇಟ್ಟು ಉಸಿರು ಹೊರಗೆ ಹೋಗಕ್ಕೆ ಟೈಮ್ ಕೊಡ್ರಿ, ಗಾಳಿ ಒಳಗೇ ಸೇರ್ತಾ ಹೋದ್ರೂ ಬಿಪಿ ಬಿದ್ದೋಗ್ತೈತಿ. ಸ್ಯಾಚುರೇಶನ್ ಸರಿಯಾದ್ಮೇಲೆ ಆಕ್ಸಿಜನ್ ನೂರರಿಂದ ಇಳಿಸ್ರಿ.

ಇಷ್ಟಾದ್ರೂ ಏರ್ಲಿಲ್ಲ ಅಂದ್ರೆ ಬೇರೆ ಕಡೆ ಹುಡುಕ್ರಿ. ಎನ್‌ಟಿಜಿ (ನೈಟ್ರೋಗ್ಲಿಸರಿನ್, ರಕ್ತನಾಳ ಹಿಗ್ಗಿಸೋ ಔಷಧಿ) ಜೋರಾಗಿ ಓಡ್ತಿದ್ರೆ ಮುಚ್ಚಿದ ಭಾಗದ ರಕ್ತನಾಳನೂ ತೆರೆದು ಶಂಟ್ ಹೆಚ್ಚು ಮಾಡ್ತೈತಿ, ಬಿಪಿ ಒಪ್ಪಿದ್ರೆ ಇಳಿಸ್ರಿ. ಪ್ರೋಟಮಿನ್ (ಪಂಪ್ ಇಳಿದ್ಮೇಲೆ ರಕ್ತ ಮತ್ತೆ ಹೆಪ್ಪುಗಟ್ಟಂಗೆ ಮಾಡೋ ಔಷಧಿ) ಕೊಟ್ಟ ಬೆನ್ನಿಗೇ ಸ್ಯಾಚುರೇಶನ್ ಬಿದ್ರೆ ರಿಯಾಕ್ಷನ್ ಯೋಚ್ನೆ ಮಾಡ್ರಿ. ಪೀಪ್ ಏರಿಸಿದಂಗೆಲ್ಲ ಸ್ಯಾಚುರೇಶನ್ ಇಳೀತಾ ಹೋದ್ರೆ ಪಿಎಫ್‌ಓ (ಹಾರ್ಟಿನ ಮೇಲಿನ ಎರಡು ಕೋಣೆ ನಡುವಿನ ಗೋಡೆಯಾಗೆ ಮುಚ್ಚದೆ ಉಳಿದ ತೂತು) ಐತಾ ಅಂತ ಟಿಇಇಯಲ್ಲಿ ನೋಡ್ಸಿ, ಬಲಗಡೆ ರಕ್ತ ನೇರ ಎಡಕ್ಕೆ ದಾಟ್ತಿರಬಹುದು.

ಕೊನೇದಾಗಿ ಶಿಫ್ಟಿಂಗ್. ಅಷ್ಟು ಕಷ್ಟಪಟ್ಟು ಬಿಚ್ಚಿದ ಲಂಗ್, ಐಸಿಯುಗೆ ಒಯ್ಯುವಾಗ ಸರ್ಕ್ಯೂಟ್ ಕಳಚಿ ಬರೀ ಆಂಬು (ಕೈಯಿಂದ ಒತ್ತಿ ಉಸಿರು ಕೊಡೋ ಬ್ಯಾಗ್) ಹಾಕಿದ್ರೆ ಕಾರಿಡಾರ್ ದಾಟೋದ್ರೊಳಗೆ ಮತ್ತೆ ಮುದುಡ್ಕಂತೈತಿ. ಆಂಬುಗೆ ಪೀಪ್ ವಾಲ್ವ್ ಹಾಕ್ಕಂಡೇ ಹೊರಡ್ರಿ, ಬೆಡ್ ಮುಟ್ಟಿದ್ಮೇಲೆ ಎರಡೂ ಕಡೆ ಸ್ಟೆತ್ ಇಟ್ಟು ಕೇಳ್ರಿ, ಎಡಗಡೆ ಕೆಳಗೆ ಇನ್ನೊಂದ್ಸಲ.