ಟ್ರ್ಯಾಕ್ ಕಾರಿಗೆ ದೊಡ್ಡ ರೇಡಿಯೇಟರ್: ಅಳೆದು ನೋಡಿ ಮಾಡಿದ ಕೆಲಸ

ಟ್ರ್ಯಾಕಿನಲ್ಲಿ ಓಡಿಸುವುದಕ್ಕೆಂದೇ ನಾನು ಇಟ್ಟುಕೊಂಡಿರುವುದು ಮಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನ ಕಾರು, ಎಂಜಿನ್ 1.8 ಲೀಟರಿನದು. ರಸ್ತೆಯಲ್ಲಿ ಈ ಕಾರು ಬಿಸಿಯಾದದ್ದನ್ನು ನಾನು ಕಂಡಿಲ್ಲ. ಟ್ರ್ಯಾಕಿನಲ್ಲಿ ಮಾತ್ರ ಕೆಲವು ಸುತ್ತು ಪೂರ್ಣ ವೇಗದಲ್ಲಿ ಹೋಗುತ್ತಿದ್ದಂತೆ ಕೂಲೆಂಟಿನ (ಎಂಜಿನ್ ತಣಿಸಲು ಅದರೊಳಗೆ ಹರಿಯುವ ನೀರಿನ) ಉಷ್ಣತೆ ಮೇಲೇರತೊಡಗಿ, ಇಳಿಯದೆ, ಏರುತ್ತಲೇ ಇರುತ್ತಿತ್ತು. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಸಣ್ಣ ಕಾರೊಂದು ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಸಾಗಲು ಸುಮಾರು 15 ಕಿಲೋವ್ಯಾಟ್ ಶಕ್ತಿ ಸಾಕು. ಟ್ರ್ಯಾಕಿನಲ್ಲಿ ಅದೇ ಎಂಜಿನ್ ಸುತ್ತಿನ ಬಹುಭಾಗ ತನ್ನ ಪೂರ್ಣ ಶಕ್ತಿಯ ಹತ್ತಿರದಲ್ಲೇ ದುಡಿಯುತ್ತದೆ. ಉರಿದ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಚಕ್ರಗಳ ಕಡೆಗೆ, ಇನ್ನೊಂದು ಪಾಲು ಹೊಗೆಕೊಳವೆಯ ಮೂಲಕ ಹೊರಕ್ಕೆ, ಉಳಿದುದರಲ್ಲಿ ಹೆಚ್ಚಿನದು ಕೂಲೆಂಟಿಗೆ ಸೇರುವುದರಿಂದ, ರೇಡಿಯೇಟರ್ ಹೊರಹಾಕಬೇಕಾದ ಶಾಖವೂ ಅದೇ ಪ್ರಮಾಣದಲ್ಲಿ ಹಲವು ಪಟ್ಟು ಹೆಚ್ಚುತ್ತದೆ.

ಬಿಡಿಭಾಗ ಕೊಳ್ಳುವ ಮೊದಲು ಅಳತೆಯ ವ್ಯವಸ್ಥೆ ಮಾಡಿಕೊಂಡೆ. ಕಾರ್ಖಾನೆಯಿಂದ ಬಂದ ಉಷ್ಣತಾ ಗೇಜನ್ನು ಇಂಥ ಕೆಲಸಕ್ಕೆ ನಂಬುವಂತಿಲ್ಲ. ಚಾಲಕ ಸುಮ್ಮನೆ ಗಾಬರಿಯಾಗದಿರಲಿ ಎಂದು ಬಹುತೇಕ ಕಾರುಗಳಲ್ಲಿ ಅದರ ಮುಳ್ಳು ಒಂದು ದೊಡ್ಡ ವ್ಯಾಪ್ತಿಯುದ್ದಕ್ಕೂ ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ, ಅದು ಅಲ್ಲಿಂದ ಕದಲುವ ವೇಳೆಗೆ ನೀರು ಅಪಾಯದ ಅಂಚಿಗೆ ಬಂದಿರುತ್ತದೆ. ಹೀಗಾಗಿ ರೇಡಿಯೇಟರಿಗೆ ನೀರು ಒಳಬರುವ ಹೋಸಿನಲ್ಲಿ ಒಂದು, ಹೊರಹೋಗುವ ಹೋಸಿನಲ್ಲಿ ಇನ್ನೊಂದು ಸೆನ್ಸರ್ ಕೂಡಿಸಿ, ಎರಡರ ಅಂಕಿಗಳನ್ನೂ ದಾಖಲಿಸಿಕೊಂಡೆ. ಪ್ರತಿಸಲವೂ ಹೊರಗಿನ ಗಾಳಿಯ ಉಷ್ಣತೆಯನ್ನು ಬರೆದಿಟ್ಟು, ಕೂಲೆಂಟ್ ಅದಕ್ಕಿಂತ ಎಷ್ಟು ಡಿಗ್ರಿ ಮೇಲಿದೆ ಎಂಬುದನ್ನೇ ಹೋಲಿಕೆಯ ಅಂಕಿಯಾಗಿ ಇಟ್ಟುಕೊಂಡೆ. ತಂಪು ಹವೆಯ ದಿನ ಯಾವ ರೇಡಿಯೇಟರ್ ಆದರೂ ಒಳ್ಳೆಯದಾಗಿಯೇ ಕಾಣುತ್ತದೆ. ಮೂಲ ರೇಡಿಯೇಟರ್ ಇದ್ದಾಗ ಗಾಳಿ 32 ಡಿಗ್ರಿ ಸೆಲ್ಸಿಯಸ್ ಇದ್ದ ದಿನ ಕೂಲೆಂಟ್ 108 ಡಿಗ್ರಿಗೆ ತಲುಪಿತ್ತು, ಅಂದರೆ ಗಾಳಿಗಿಂತ 76 ಡಿಗ್ರಿ ಮೇಲೆ, ಮತ್ತು ನಾನು ವೇಗ ತಗ್ಗಿಸಿದಾಗಲೂ ಅದು ಏರುವ ಹಾದಿಯಲ್ಲೇ ಇತ್ತು.

ರೇಡಿಯೇಟರ್ ಆರಿಸುವಾಗ ಒಂದು ಸರಳ ಲೆಕ್ಕ ನನಗೆ ದಾರಿ ತೋರಿಸಿತು. ನಿಮಿಷಕ್ಕೆ 100 ಲೀಟರ್ ನೀರು ಹರಿದು ರೇಡಿಯೇಟರಿನಲ್ಲಿ 10 ಡಿಗ್ರಿ ತಣ್ಣಗಾದರೆ, ಸುಮಾರು 70 ಕಿಲೋವ್ಯಾಟ್ ಶಾಖ ಹೊರಹೋದಂತೆ. ಅಷ್ಟೇ ಶಾಖವನ್ನು ಗಾಳಿ ಹೊತ್ತೊಯ್ಯಬೇಕೆಂದರೆ, ಅದು ಕೋರ್‌ನ (ನೀರಿನ ಕೊಳವೆಗಳೂ ಅವುಗಳ ನಡುವೆ ತೆಳುಲೋಹದ ರೆಕ್ಕೆಗಳೂ ಇರುವ ರೇಡಿಯೇಟರಿನ ನಡುಭಾಗದ) ಮೂಲಕ ಹಾದುಹೋಗುವಾಗ 40 ಡಿಗ್ರಿಯಷ್ಟು ಬಿಸಿಯಾದರೂ ಸೆಕೆಂಡಿಗೆ ಒಂದೂವರೆ ಘನ ಮೀಟರ್ ಗಾಳಿ ಬೇಕಾಗುತ್ತದೆ. ನೀರಿನ ಕಡೆ ಕೊರತೆ ಬೀಳುವುದು ಅಪರೂಪ, ಕೊರತೆಯಿರುವುದು ಗಾಳಿಯ ಕಡೆ. ಆದ್ದರಿಂದ ಕೋರ್‌ನ ಮುಖದ ವಿಸ್ತೀರ್ಣ ಹೆಚ್ಚಿದಷ್ಟೂ ನೇರ ಲಾಭ. ದಪ್ಪ ಹೆಚ್ಚಿಸಿದರೆ ಸಿಗುವ ಲಾಭ ಬೇಗ ಕರಗುತ್ತದೆ, ಏಕೆಂದರೆ ಮುಂದಿನ ಸಾಲಿನ ಕೊಳವೆಗಳನ್ನು ಹಾಯ್ದು ಆಗಲೇ ಬಿಸಿಯಾದ ಗಾಳಿಯೇ ಹಿಂದಿನ ಸಾಲಿಗೆ ತಲುಪುತ್ತದೆ, ಜೊತೆಗೆ ದಪ್ಪ ಕೋರ್ ಗಾಳಿಯ ಹರಿವಿಗೇ ಹೆಚ್ಚು ತಡೆಯೊಡ್ಡುತ್ತದೆ. ಈ ಕಾರಿನಲ್ಲಿ ಅಗಲ ಹೆಚ್ಚಿಸಲು ಸ್ಥಳ ಕಡಿಮೆ. ಹವಾನಿಯಂತ್ರಣದ ಕಂಡೆನ್ಸರ್ ತೆಗೆದಿದ್ದರಿಂದ ಮುಂದೆ ಸ್ವಲ್ಪ ಜಾಗ ಸಿಕ್ಕಿತ್ತು. 50 ಮಿ.ಮೀ. ಮೀರಿದ ಕೋರ್‌ಗಳೂ ದೊರೆಯುತ್ತಿದ್ದವು, ನಾನು ತೆಗೆದುಕೊಂಡದ್ದು 36 ಮಿ.ಮೀ. ದಪ್ಪದ್ದು. ದಪ್ಪನೆಯದೇ ಉತ್ತಮ ಎಂಬ ನಂಬಿಕೆ ಟ್ರ್ಯಾಕಿಗೆ ಬರುವವರಲ್ಲಿ ವ್ಯಾಪಕವಾಗಿದೆ. ಗಾಳಿಗೆ ದಾರಿ ಮಾಡಿಕೊಡದ ಕಾರಿನಲ್ಲಿ ಅದು ಹೆಚ್ಚುವರಿ ತೂಕವಷ್ಟೇ ಎಂಬುದು ನನ್ನ ಅಭಿಪ್ರಾಯ.

ಹೊಸದು ಪೂರ್ತಿ ಅಲ್ಯೂಮಿನಿಯಮ್. ಮೇಲಿನ, ಕೆಳಗಿನ ಎರಡೂ ಟ್ಯಾಂಕುಗಳನ್ನು ಕೋರ್‌ಗೆ ಬೆಸೆದಿದ್ದಾರೆ. ಮೂಲದ್ದರಲ್ಲಿ ಕೋರ್ ಅಲ್ಯೂಮಿನಿಯಮ್ ಆದರೂ ಟ್ಯಾಂಕುಗಳು ಪ್ಲಾಸ್ಟಿಕ್. ವರ್ಷಗಳು ಕಳೆದಂತೆ ಆ ಮೇಲಿನ ಟ್ಯಾಂಕ್ ಕಂದುಬಣ್ಣಕ್ಕೆ ತಿರುಗಿ ಬಿರುಸಾಗುತ್ತದೆ, ಹಾಗಾದ ಮೇಲೆ ಅದನ್ನು ಟ್ರ್ಯಾಕಿಗೆ ಒಯ್ಯುವುದು ಜಾಣತನವಲ್ಲ. ತಾಮ್ರ ಅಲ್ಯೂಮಿನಿಯಮ್‌ಗಿಂತ ಉತ್ತಮ ಉಷ್ಣವಾಹಕ ಎಂಬುದು ನಿಜವೇ. ಆದರೆ ತಾಮ್ರ-ಹಿತ್ತಾಳೆಯ ರೇಡಿಯೇಟರುಗಳಲ್ಲಿ ಕೊಳವೆ ಮತ್ತು ರೆಕ್ಕೆಗಳನ್ನು ಕೂಡಿಸುವ ಸೀಸ-ತವರದ ಬೆಸುಗೆ ಅಷ್ಟು ಒಳ್ಳೆಯ ವಾಹಕವಲ್ಲ. ಅಲ್ಯೂಮಿನಿಯಮ್ಮಿನಲ್ಲಿ ಅಗಲವಾದ ಕೊಳವೆಗಳನ್ನು ಬಳಸಬಹುದು, ತೂಕವೂ ಕಡಿಮೆ.

ಕೂಡಿಸುವ ಕೆಲಸದಲ್ಲಿ ನಾನು ಹೆಚ್ಚು ಗಮನ ಕೊಟ್ಟದ್ದು ಆಧಾರಗಳಿಗೆ. ಕಾರು ತಿರುವಿನ ಅಂಚುಕಲ್ಲುಗಳ ಮೇಲೆ ಹಾಯುವಾಗ ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ. ರೇಡಿಯೇಟರನ್ನು ಬೋಲ್ಟ್ ಹಾಕಿ ಬಿಗಿಯಾಗಿ ಕಟ್ಟಿದರೆ ಆ ತಿರುಚುವಿಕೆಯೆಲ್ಲ ಟ್ಯಾಂಕಿನ ಮೂಲೆಯ ಬೆಸುಗೆಗೆ ಬಂದು, ಒಂದಲ್ಲ ಒಂದು ದಿನ ಅಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಕೆಳಗಿನ ಎರಡು ಗೂಟಗಳನ್ನು ರಬ್ಬರ್ ಬುಷ್‌ಗಳಲ್ಲಿ ಕೂರಿಸಿದೆ. ಮೇಲಿನ ಪಟ್ಟಿಗಳಿಗೂ ರಬ್ಬರ್ ಇಟ್ಟು, ಕೈಯಿಂದ ಅಲುಗಾಡಿಸಿದರೆ ಒಂದೆರಡು ಮಿ.ಮೀ. ಕದಲುವಷ್ಟು ಸಡಿಲ ಬಿಟ್ಟೆ. ಹೋಸುಗಳ ಉದ್ದವನ್ನು ಎಂಜಿನ್ ತನ್ನ ಮೌಂಟುಗಳ ಮೇಲೆ ವಾಲುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ಕತ್ತರಿಸಿದೆ.

ದಪ್ಪ ಕೋರ್‌ನ ಹಿಂದೆ ಹಳೆಯ ಫ್ಯಾನುಗಳಿಗೆ ಜಾಗ ಉಳಿಯಲಿಲ್ಲ. ಕಾರು ಓಡುತ್ತಿರುವಾಗ ಫ್ಯಾನಿನ ಅಗತ್ಯವೇ ಇಲ್ಲ, ಪಿಟ್ ಲೇನಿನಲ್ಲಿ ನಿಂತಾಗ ಮಾತ್ರ ಬೇಕು. ಅದಕ್ಕಾಗಿ ತೆಳ್ಳಗಿನ ಒಂದೇ ಫ್ಯಾನನ್ನು ಕೋರ್‌ನ ಅರ್ಧಭಾಗ ಮುಚ್ಚುವ ತಗಡಿನ ಕವಚದೊಂದಿಗೆ ಹಾಕಿ, ಉಳಿದರ್ಧವನ್ನು ತೆರೆದೇ ಬಿಟ್ಟೆ. ಪೂರ್ತಿ ಮುಚ್ಚುವ ಕವಚ ನಿಂತ ಕಾರಿಗೆ ಒಳ್ಳೆಯದು, ಆದರೆ ವೇಗದಲ್ಲಿ ಅದೇ ಗಾಳಿಗೆ ಅಡ್ಡವಾಗುತ್ತದೆ.

ಇದೇ ಸಂದರ್ಭದಲ್ಲಿ ಒತ್ತಡದ ಮುಚ್ಚಳವನ್ನು ರೇಡಿಯೇಟರಿನಿಂದ ಬೇರೆಡೆಗೆ ಸಾಗಿಸಿದೆ. ನೀರು ಮೇಲಿನಿಂದ ಕೆಳಗೆ ಹರಿಯುವ ರೇಡಿಯೇಟರುಗಳಲ್ಲಿ ಮುಚ್ಚಳ ಮೇಲಿನ ಟ್ಯಾಂಕಿನಲ್ಲಿ, ಅಂದರೆ ಪಂಪಿನ ಒತ್ತಡ ಹೆಚ್ಚಿರುವ ಕಡೆಯೇ ಇರುತ್ತದೆ. ಎಂಜಿನ್ ಹೆಚ್ಚಿನ ವೇಗದಲ್ಲಿ ಸುತ್ತುವಾಗ ಆ ಒತ್ತಡವೂ ಸೇರಿಕೊಂಡು, ನೀರು ಕುದಿಯದಿದ್ದರೂ ಮುಚ್ಚಳ ತೆರೆದುಕೊಂಡು ನೀರು ಚೆಲ್ಲಬಹುದು. ಎಲ್ಲಕ್ಕಿಂತ ಎತ್ತರದಲ್ಲಿ ಒಂದು ಸಣ್ಣ ಟ್ಯಾಂಕ್ ಇಟ್ಟು, ಮುಚ್ಚಳವನ್ನು ಅದಕ್ಕೆ ಹಾಕಿ, ರೇಡಿಯೇಟರಿನ ಮೇಲ್ತುದಿಯಿಂದ ಅದಕ್ಕೊಂದು ತೆಳುವಾದ ಕೊಳವೆ ಎಳೆದು, ಅದರ ತಳದಿಂದ ಪಂಪಿನ ಒಳಹರಿವಿನ ಹೋಸಿಗೆ ಇನ್ನೊಂದು ದಪ್ಪ ಕೊಳವೆ ಜೋಡಿಸಿದೆ. ಈಗ ಗಾಳಿಗುಳ್ಳೆಗಳು ತಾವಾಗಿಯೇ ಆ ಟ್ಯಾಂಕಿಗೆ ಏರಿ ಹೋಗುತ್ತವೆ, ಪಂಪಿನ ಬಾಯಿಗೂ ಸದಾ ಒತ್ತಡದ ನೀರು ಸಿಗುತ್ತದೆ. ಮುಚ್ಚಳ 1.1 ಬಾರ್‌ನದು, ಅಷ್ಟು ಒತ್ತಡದಲ್ಲಿ ಶುದ್ಧ ನೀರು ಕುದಿಯುವುದು ಸುಮಾರು 122 ಡಿಗ್ರಿಗೆ.

ಒಳಗೆ ತುಂಬಿಸಿದ್ದು ಭಟ್ಟಿ ಇಳಿಸಿದ ನೀರು ಮತ್ತು ತುಕ್ಕುನಿರೋಧಕ. ನೀರು ಹೆಪ್ಪುಗಟ್ಟದಿರಲೆಂದು ಸಾಮಾನ್ಯವಾಗಿ ಬೆರೆಸುವ ಗ್ಲೈಕಾಲ್ ಟ್ರ್ಯಾಕಿಗೆ ಚೆಲ್ಲಿದರೆ ಜಾರುವ ಪದರವಾಗಿ ಉಳಿದು ಬೇಗ ಹೋಗುವುದಿಲ್ಲವಾದ್ದರಿಂದ ಅನೇಕ ಟ್ರ್ಯಾಕ್ ಆಯೋಜಕರು ಅದನ್ನು ನಿಷೇಧಿಸುತ್ತಾರೆ. ಅದರ ಹೊರತಾಗಿಯೂ, ಗ್ಲೈಕಾಲ್ ಬೆರೆತ ನೀರಿಗಿಂತ ಬರಿಯ ನೀರು ಹೆಚ್ಚು ಶಾಖ ಹೊರುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ ಈ ಕ್ರಮ ಸಲ್ಲದು. ತುಂಬಿದ ಮೇಲೆ ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಲೋಹಕ್ಕೆ ತಾಗದಂತೆ ಕೂಲೆಂಟಿಗೆ ಅದ್ದಿ, ವಿದ್ಯುತ್ ಉಪಕರಣಗಳನ್ನೆಲ್ಲ ಒಂದೊಂದಾಗಿ ಚಾಲೂ ಮಾಡಿ ನೋಡಿದೆ. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲ್ಲೋ ಅರ್ಥಿಂಗ್ ಸರಿಯಿಲ್ಲ ಎಂದರ್ಥ. ಹಾಗೆ ಬಿಟ್ಟರೆ ಆ ವಿದ್ಯುತ್ತು ಅಲ್ಯೂಮಿನಿಯಮ್ ಕೊಳವೆಗಳನ್ನು ಒಳಗಿನಿಂದಲೇ ತಿಂದುಹಾಕುತ್ತದೆ.

ನೀರು ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ಕವಾಟವಾದ ಥರ್ಮೋಸ್ಟಾಟನ್ನು ತೆಗೆಯಲಿಲ್ಲ. ತೆಗೆದರೆ ತಂಪು ಹೆಚ್ಚುತ್ತದೆ ಎಂದು ಹೇಳುವವರು ಬಹಳ ಮಂದಿ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಥರ್ಮೋಸ್ಟಾಟಿನದೇ ಕೆಲಸ. ಅಂಥಲ್ಲಿ ಅದನ್ನು ತೆಗೆದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಎಂಜಿನ್ನಿಗೆ ಮರಳುತ್ತದೆ. ದೊಡ್ಡ ರೇಡಿಯೇಟರಿನ ಬಗ್ಗೆಯೂ ಇಂಥದೇ ಒಂದು ತಪ್ಪು ನಿರೀಕ್ಷೆಯುಂಟು: ಅದು ಎಂಜಿನ್ ಓಡುವ ಸಹಜ ಉಷ್ಣತೆಯನ್ನು ಇಳಿಸುವುದಿಲ್ಲ, ಆ ಮಟ್ಟವನ್ನು ನಿರ್ಧರಿಸುವುದು ಥರ್ಮೋಸ್ಟಾಟ್. ರೇಡಿಯೇಟರಿನಿಂದ ಸಿಗುವುದು, ಥರ್ಮೋಸ್ಟಾಟ್ ಪೂರ್ತಿ ತೆರೆದ ನಂತರವೂ ಉಷ್ಣತೆ ಕೈಮೀರದಂತೆ ಹಿಡಿಯುವ ಸಾಮರ್ಥ್ಯ.

ಇಷ್ಟಾದ ಮೇಲೆ, ಗಾಳಿಯ ದಾರಿಗೆ ಕೈಹಚ್ಚದೆ, ಬೇಕೆಂದೇ ರೇಡಿಯೇಟರ್ ಒಂದನ್ನೇ ಬದಲಿಸಿದ ಸ್ಥಿತಿಯಲ್ಲಿ ಕಾರನ್ನು ಓಡಿಸಿದೆ. ಯಾವ ಬದಲಾವಣೆಯಿಂದ ಎಷ್ಟು ಫಲ ಎಂಬುದು ಬೇರೆಬೇರೆಯಾಗಿ ತಿಳಿಯಬೇಕಿತ್ತು. ಕೂಲೆಂಟ್ ಗಾಳಿಗಿಂತ 71 ಡಿಗ್ರಿ ಮೇಲೆ ಬಂದು, ಮೊದಲಿಗಿಂತ ನಿಧಾನವಾಗಿಯಾದರೂ, ಏರುತ್ತಲೇ ಇತ್ತು. ದೊಡ್ಡ ರೇಡಿಯೇಟರ್ ಒಂದರಿಂದಲೇ ಬಂದ ಲಾಭ 5 ಡಿಗ್ರಿ.

ಗಾಳಿಯ ಒತ್ತಡವನ್ನು ಅಳೆಯಲು ಪಾರದರ್ಶಕ ಕೊಳವೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ, ಹಲಗೆಯೊಂದಕ್ಕೆ ಕಟ್ಟಿ, ಬಣ್ಣದ ನೀರು ತುಂಬಿದ ಮಾಪಕ ಸಾಕು. ಒಂದು ತುದಿಯನ್ನು ಕೋರ್‌ನ ಮುಂದೆ ಅಥವಾ ಹಿಂದೆ ಇಟ್ಟು, ಇನ್ನೊಂದನ್ನು ಕಾರಿನೊಳಗೆ ಮುಚ್ಚಳಕ್ಕೆ ಸಣ್ಣ ತೂತಿರುವ ಬಾಟಲಿಯಲ್ಲಿ ಬಿಟ್ಟೆ. ಟ್ರ್ಯಾಕಿನ ನೇರದಾರಿಯಲ್ಲಿ ಗಂಟೆಗೆ 120 ಕಿ.ಮೀ. ವೇಗ ಹಿಡಿದಾಗ ಪಕ್ಕದಲ್ಲಿ ಕುಳಿತ ಗೆಳೆಯರು ಅಂಕಿಗಳನ್ನು ಓದಿ ಬರೆದುಕೊಂಡರು. ಆ ವೇಗದಲ್ಲಿ ಗಾಳಿಯನ್ನು ಪೂರ್ತಿ ತಡೆದು ನಿಲ್ಲಿಸಿದರೆ ದೊರೆಯುವ ಒತ್ತಡ ಸುಮಾರು 65 ಮಿ.ಮೀ. ಎತ್ತರದ ನೀರಿನ ಕಂಬದಷ್ಟು. ಕೋರ್‌ನ ಮುಂದೆ ಸಿಕ್ಕಿದ್ದು 38, ಹಿಂದೆ 20. ಗಾಳಿಯನ್ನು ರೇಡಿಯೇಟರಿನ ಮೂಲಕ ತಳ್ಳಲು ಉಳಿದಿದ್ದುದು ಇವೆರಡರ ವ್ಯತ್ಯಾಸವಾದ 18 ಮಿ.ಮೀ. ಮಾತ್ರ.

ಮುಂದಿನ ಒತ್ತಡ ಸೋರುತ್ತಿದ್ದುದು ಕೋರ್‌ನ ಸುತ್ತಲಿನ ಸಂದುಗಳಿಂದ. ಓರೆಯಾದ ಗದ್ದೆಗೆ ಬಿಟ್ಟ ನೀರಿನ ಹಾಗೆ ಗಾಳಿಯೂ ಸುಲಭವಾದ ಕಡೆಗೇ ಓಡುತ್ತದೆ. ರೆಕ್ಕೆಗಳ ದಟ್ಟಣೆಯೊಳಗೆ ನುಗ್ಗುವುದಕ್ಕಿಂತ ಪಕ್ಕದ ಎರಡು ಬೆರಳ ಸಂದಿನಲ್ಲಿ ನುಸುಳುವುದು ಅದಕ್ಕೆ ಹಗುರ. ಬಂಪರಿನ ಬಾಯಿಯಿಂದ ಕೋರ್‌ನ ಅಂಚಿನವರೆಗೆ ನಾಲ್ಕೂ ಕಡೆ 1 ಮಿ.ಮೀ. ಅಲ್ಯೂಮಿನಿಯಮ್ ತಗಡಿನ ಗೋಡೆ ಕಟ್ಟಿ, ಮೊದಲು ರಟ್ಟಿನಲ್ಲಿ ಅಚ್ಚು ತೆಗೆದುಕೊಂಡು ತಗಡು ಕತ್ತರಿಸಿ, ರಿವೆಟ್ ಹೊಡೆದು, ರೇಡಿಯೇಟರಿಗೆ ತಾಗುವ ಅಂಚಿಗೆ ಫೋಮ್ ಪಟ್ಟಿ ಅಂಟಿಸಿದೆ. ಬಾಯಿ ಕೋರ್‌ಗಿಂತ ಚಿಕ್ಕದಾಗಿದ್ದರೆ ಬಾಧಕವಿಲ್ಲ. ಒಳಬಂದ ಗಾಳಿ ಕ್ರಮೇಣ ಅಗಲವಾಗುವ ದಾರಿಯಲ್ಲಿ ವೇಗ ಕಳೆದುಕೊಂಡು ಒತ್ತಡ ಗಳಿಸಬೇಕು, ಅಷ್ಟೇ. ಈ ಕಾರಿನ ಹೊಟ್ಟೆಯಡಿಯ ಪ್ಲಾಸ್ಟಿಕ್ ತಟ್ಟೆಯನ್ನು ಹಲವರು ತೂಕ ಇಳಿಸಲೆಂದು ಬಿಚ್ಚಿಡುತ್ತಾರೆ. ಅದು ಕೂಡ ಈ ದಾರಿಯ ತಳವೇ, ನನ್ನ ಕಾರಿನಲ್ಲಿ ಅದು ಸೀಳಿದ್ದ ಜಾಗವನ್ನು ತಗಡಿನಿಂದ ಸರಿಪಡಿಸಿದೆ. ಇಡೀ ಯೋಜನೆಯಲ್ಲಿ ಹೆಚ್ಚು ಹೊತ್ತು ಹಿಡಿದ, ನೋಡುವವರಿಗೆ ಕಾಣಿಸದ ಕೆಲಸ ಇದೇ. ಇದಾದ ಮೇಲೆ ಕೋರ್‌ನ ಮುಂದಿನ ಒತ್ತಡ 52ಕ್ಕೆ ಏರಿತು, ಹಿಂದಿನದು 21 ಇತ್ತು. ಕೂಲೆಂಟ್ ಗಾಳಿಗಿಂತ 64 ಡಿಗ್ರಿ ಮೇಲಕ್ಕೆ ಬಂದು, ಮೊದಲ ಸಲ ಒಂದೆಡೆ ನಿಂತಿತು.

ಇನ್ನುಳಿದದ್ದು ಹಿಂದಿನ ಒತ್ತಡ. ಒಳಬಂದ ಗಾಳಿ ಎಂಜಿನ್ ಕೋಣೆಯಿಂದ ಹೊರಹೋಗಲಾರದೆ ಅಲ್ಲೇ ತುಂಬಿಕೊಳ್ಳುತ್ತಿತ್ತು. ಬಾನೆಟ್ಟಿನ ಮೇಲೆ ಉಣ್ಣೆಯ ದಾರದ ತುಣುಕುಗಳನ್ನು ಅಂಟಿಸಿ ಹರಿವಿನ ದಿಕ್ಕು ನೋಡಿದ ಮೇಲೆ, ಅದೇ ಮಾಪಕದಿಂದ ಮೇಲ್ಮೈಯ ಒತ್ತಡವನ್ನೂ ಹಲವು ಕಡೆ ಅಳೆದೆ. ಮುಂಭಾಗದ ಮೂರನೆಯ ಒಂದರಷ್ಟು ಜಾಗದಲ್ಲಿ, ರೇಡಿಯೇಟರಿಗೆ ತುಸು ಹಿಂದೆ, ಒತ್ತಡ ವಾತಾವರಣಕ್ಕಿಂತ ಕಡಿಮೆಯಿತ್ತು. ಮುಂಗಾಜಿನ ಬುಡದಲ್ಲಿ ಹೆಚ್ಚಿತ್ತು. ಬಾನೆಟ್ಟಿನ ಹಿಂದಂಚನ್ನು ವಾಷರ್ ಇಟ್ಟು ಎತ್ತುವ ಪದ್ಧತಿ ಟ್ರ್ಯಾಕಿನಲ್ಲಿ ಎಲ್ಲೆಡೆ ಕಾಣುತ್ತದೆ, ಆದರೆ ವೇಗದಲ್ಲಿ ಅಲ್ಲಿಂದ ಗಾಳಿ ಒಳಕ್ಕೇ ನುಗ್ಗುವ ಸಂಭವ ಹೆಚ್ಚು. ನಾನು ಕಿಂಡಿಗಳನ್ನು ಮುಂಭಾಗದಲ್ಲೇ ಕತ್ತರಿಸಿ, ಪ್ರತಿಯೊಂದರ ಮುಂದಂಚಿಗೂ ಸಣ್ಣ ತಡೆಪಟ್ಟಿ ಎಬ್ಬಿಸಿದೆ. ಹಿಂದಿನ ಒತ್ತಡ 6 ಮಿ.ಮೀ.ಗೆ ಇಳಿಯಿತು, ಮುಂದಿನದು 49ರಲ್ಲಿ ನಿಂತಿತು. ಮೊದಲು 18 ಇದ್ದ ವ್ಯತ್ಯಾಸ ಈಗ 43.

ಗಾಳಿ 33 ಡಿಗ್ರಿ ಇದ್ದ ದಿನ ಕೂಲೆಂಟ್ 91ರಲ್ಲಿ ಸ್ಥಿರವಾಯಿತು. 82 ಡಿಗ್ರಿಗೆ ತೆರೆಯತೊಡಗುವ ಥರ್ಮೋಸ್ಟಾಟ್ ಪೂರ್ತಿ ತೆರೆಯಲು ಸುಮಾರು 95 ಬೇಕಾದ್ದರಿಂದ, ರೇಡಿಯೇಟರಿನಲ್ಲಿ ಇನ್ನೂ ಸಾಮರ್ಥ್ಯ ಉಳಿದಿದೆ ಎಂದಾಯಿತು. ಓಟದ ಕೊನೆಯಲ್ಲಿ ಒಂದು ಸುತ್ತು ನಿಧಾನವಾಗಿ ಬರುವ ಅಭ್ಯಾಸವನ್ನು ಬಿಟ್ಟಿಲ್ಲ, ಏಕೆಂದರೆ ಎಂಜಿನ್ ನಿಂತೊಡನೆ ಪಂಪೂ ನಿಂತು, ಸಿಲಿಂಡರ್ ಹೆಡ್ಡಿನ ಲೋಹದಲ್ಲಿರುವ ಶಾಖ ಅಲ್ಲಿನ ನೀರಿಗೇ ಇಳಿಯುತ್ತದೆ. ಬಂದ ಮೇಲೆ ಟೈರಿನಿಂದ ಕಿತ್ತುಬಂದ ರಬ್ಬರ್ ಚೂರುಗಳನ್ನು ರೆಕ್ಕೆಗಳ ಸಂದಿನಿಂದ ಹಿಂಬದಿಯಿಂದ ಗಾಳಿ ಊದಿ ತೆಗೆಯುತ್ತೇನೆ. ಕಲ್ಲುಗಳಿಗೆಂದು ಬಾಯಿಗೆ ಹಾಕಿರುವ ಜಾಲರಿಯೂ ದೊಡ್ಡ ಕಣ್ಣಿನದು. ಸಣ್ಣ ಕಣ್ಣಿನದು ಗಳಿಸಿದ ಒತ್ತಡವನ್ನು ಅಲ್ಲೇ ನುಂಗಿಬಿಡುತ್ತದೆ.

ಎಂಜಿನ್ ಎಣ್ಣೆಯ ಉಷ್ಣತೆ ಮಾತ್ರ ನಾನು ಬಯಸಿದಷ್ಟು ಇಳಿದಿಲ್ಲ. ಅದಕ್ಕೆ ಪ್ರತ್ಯೇಕ ಕೂಲರ್ ಹಾಕಲಿದ್ದೇನೆ, ಆದರೆ ರೇಡಿಯೇಟರಿನ ಮುಂದೆ ಅಲ್ಲ. ಅಲ್ಲಿಟ್ಟರೆ ಎಣ್ಣೆ ಬಿಟ್ಟ ಶಾಖವೆಲ್ಲ ನೀರಿನ ಪಾಲಿಗೆ ಬರುತ್ತದೆ. ಬಂಪರಿನ ಎಡಮೂಲೆಯಲ್ಲಿ, ತನ್ನದೇ ಬಾಯಿ ಮತ್ತು ಚಕ್ರದ ಕಮಾನಿನ ಕಡೆಗೆ ತನ್ನದೇ ಹೊರದಾರಿ ಇರುವಂತೆ, ಅದಕ್ಕೂ ರಟ್ಟಿನ ಅಚ್ಚು ಈಗಾಗಲೇ ಕತ್ತರಿಸಿ ಇಟ್ಟಿದ್ದೇನೆ.